ಎಂಟನೆಯ ತರಗತಿಗೆ ಮುಗಿಯುವ ಶಾಲೆ

ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಲ್ಯಾಂಕಾಸ್ಟರ್ ಜಿಲ್ಲೆ. ಚಳಿಗಾಲದ ಬೆಳಗು. ಮುಸುಕಿನ ಜೋಳದ ಕಟಾವು ಮುಗಿದು ಬರಿದಾಗಿ ಬಿದ್ದ ಹೊಲಗಳ ನಡುವಿನ ದಾರಿಯಲ್ಲಿ, ಎಂಟು ಗಂಟೆಯಾಗುತ್ತಲೇ ಮಕ್ಕಳ ಸಣ್ಣ ಸಣ್ಣ ಗುಂಪುಗಳು ಕಾಣಿಸಿಕೊಳ್ಳುತ್ತವೆ. ಹುಡುಗರ ತಲೆಗೆ ಅಗಲ ಅಂಚಿನ ಟೋಪಿ, ಷರಾಯಿಯನ್ನು ಎತ್ತಿ ಹಿಡಿಯಲು ಭುಜದ ಮೇಲೆ ಹಾಯ್ದ ಪಟ್ಟಿಗಳು. ಹುಡುಗಿಯರ ಉಡುಪಿನಲ್ಲಿ ಹೂವಿಲ್ಲ, ಗೆರೆಯಿಲ್ಲ. ಉದ್ದನೆಯ, ಒಂದೇ ಬಣ್ಣದ ಬಟ್ಟೆ. ಎಲ್ಲರ ಕೈಯಲ್ಲಿಯೂ ಬುತ್ತಿಯ ಡಬ್ಬಿ. ಕೆಲವರು ನಡೆದು ಬರುತ್ತಾರೆ; ಕೆಲವರು ಒಂದು ಕಾಲನ್ನು ಹಲಗೆಯ ಮೇಲಿಟ್ಟು ಇನ್ನೊಂದರಿಂದ ನೆಲವನ್ನು ಒದೆಯುತ್ತ ಓಡಿಸುವ ಎರಡು ಚಕ್ರದ ಪುಟ್ಟ ಗಾಡಿಯ ಮೇಲೆ ಬರುತ್ತಾರೆ. ಈ ಜಿಲ್ಲೆಯ ಅವರ ಹಿರಿಯರಿಗೆ ಬೈಸಿಕಲ್ಲು ಸಮ್ಮತವಲ್ಲ. ಸ್ವಲ್ಪ ದೂರದ ಹೆದ್ದಾರಿಯಲ್ಲಿ ಮೋಟಾರುಗಳ ಸಾಲು ಎಡೆಬಿಡದೆ ಹರಿಯುತ್ತಿರುತ್ತದೆ. ಮಕ್ಕಳು ಅತ್ತ ತಿರುಗಿಯೂ ನೋಡದೆ ಒಂದೇ ಕೋಣೆಯ ತಮ್ಮ ಶಾಲೆಯ ಬಾಗಿಲನ್ನು ಸೇರುತ್ತಾರೆ.

ಇವರು ಆಮಿಷ್ ಪಂಗಡದ ಕ್ರೈಸ್ತರು. ಹೆಸರು ಕನ್ನಡದ ಕಿವಿಗೆ ಸ್ವಲ್ಪ ವಿಚಿತ್ರವಾಗಿಯೇ ಕೇಳಿಸುತ್ತದೆ. ಲೋಕದ ಆಮಿಷಗಳಿಂದ ದೂರ ಸರಿದು ಬಾಳುವ ಜನಕ್ಕೆ ಇಂಥ ಹೆಸರು! ಆದರೆ ಅದು ಬಂದದ್ದು 1693ರಲ್ಲಿ ಸ್ವಿಟ್ಸರ್ಲೆಂಡ್ ಮತ್ತು ಆಲ್ಸೇಸ್ ಪ್ರಾಂತಗಳಲ್ಲಿ ಮೂಲ ಪಂಗಡದಿಂದ ಬೇರೆಯಾದ ಯಾಕೋಬ್ ಅಮ್ಮನ್ ಎಂಬ ಹಿರಿಯನಿಂದ. ಹದಿನೆಂಟನೆಯ ಶತಮಾನದಲ್ಲಿ ಅವನ ಅನುಯಾಯಿಗಳು ಕಡಲು ದಾಟಿ ಪೆನ್ಸಿಲ್ವೇನಿಯಕ್ಕೆ ಬಂದು ನೆಲೆಸಿದರು. ಇಂದು ಅವರ ಸಂಖ್ಯೆ 4 ಲಕ್ಷವನ್ನು ಮೀರಿದೆ; ಸುಮಾರು ಇಪ್ಪತ್ತು ವರ್ಷಗಳಿಗೊಮ್ಮೆ ಇಮ್ಮಡಿಸುತ್ತಿದೆ. ಅರ್ಧಕ್ಕೂ ಹೆಚ್ಚು ಮಂದಿ ಪೆನ್ಸಿಲ್ವೇನಿಯ, ಒಹಾಯೋ, ಇಂಡಿಯಾನ ಈ ಮೂರು ರಾಜ್ಯಗಳಲ್ಲಿಯೇ ಇದ್ದಾರೆ. ಸ್ವಂತಕ್ಕೆ ಮೋಟಾರು ಇಟ್ಟುಕೊಳ್ಳುವುದಿಲ್ಲ. ಕುದುರೆಯ ಗಾಡಿಯಲ್ಲಿ ಓಡಾಡುತ್ತಾರೆ. ಊರಿನ ವಿದ್ಯುತ್ತಿನ ತಂತಿಯನ್ನು ಮನೆಯೊಳಕ್ಕೆ ಎಳೆದುಕೊಳ್ಳುವುದಿಲ್ಲ. ಮಕ್ಕಳನ್ನು ಎಂಟನೆಯ ತರಗತಿಯಿಂದಾಚೆಗೆ ಓದಿಸುವುದಿಲ್ಲ. ಕೊನೆಯ ಮಾತೇ ಅವರನ್ನು ಸೆರೆಮನೆಯವರೆಗೂ, ಅಲ್ಲಿಂದ ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೂ ಕೊಂಡೊಯ್ದಿತು. ಅದಕ್ಕೆ ಮೊದಲು ಶಾಲೆಯ ಒಳಗೆ ಇಣಿಕಿ ನೋಡುವುದು ಲೇಸು.

ಬಾಗಿಲ ಬಳಿಯ ಗೂಟಗಳಲ್ಲಿ ಟೋಪಿಗಳು ಸಾಲಾಗಿ ನೇತಾಡುತ್ತವೆ. ಕಲ್ಲಿದ್ದಲೋ ಸೌದೆಯೋ ಉರಿಯುವ ಕಬ್ಬಿಣದ ಒಲೆ ಕೋಣೆಯನ್ನು ಬೆಚ್ಚಗಿಟ್ಟಿರುತ್ತದೆ. ಬೆಳಕಿಗೆ ದೊಡ್ಡ ಕಿಟಕಿಗಳಿವೆ. ಗೋಡೆಯ ತುಂಬ ಅಕ್ಷರಮಾಲೆ, ಮಕ್ಕಳೇ ಬಣ್ಣ ಹಚ್ಚಿದ ಚಿತ್ರಗಳು, ಯಾರು ಎಷ್ಟು ಪಾಠ ಒಪ್ಪಿಸಿದರೆಂದು ತೋರಿಸುವ ಪಟ್ಟಿಗಳು. ಮೂವತ್ತರ ಆಸುಪಾಸಿನ ಮಕ್ಕಳು. ಆರು ವರ್ಷದ ಕೂಸಿನಿಂದ ಹದಿನಾಲ್ಕರ ಹುಡುಗನವರೆಗೆ ಎಂಟು ತರಗತಿಗಳೂ ಒಂದೇ ಸೂರಿನಡಿ. ನಮ್ಮಲ್ಲಿ ಏಕೋಪಾಧ್ಯಾಯ ಶಾಲೆಯನ್ನು ಕಂಡವರಿಗೆ ಈ ನೋಟ ಅಪರಿಚಿತವೇನಲ್ಲ.

ದಿನ ಆರಂಭವಾಗುವುದು ಬೈಬಲ್ಲಿನ ಒಂದು ಭಾಗದ ಪಠನದಿಂದ. ಆಮೇಲೆ ಕರ್ತನ ಪ್ರಾರ್ಥನೆ, ಕೆಲವು ಹಾಡುಗಳು. ಇಲ್ಲಿ ಹೊರಗಿನವರಿಗೆ ಸೋಜಿಗವೆನಿಸುವ ಸಂಗತಿಯೊಂದಿದೆ. ಓದಿದ ಭಾಗಕ್ಕೆ ಉಪಾಧ್ಯಾಯಿನಿ ಅರ್ಥ ಹೇಳುವುದಿಲ್ಲ. ಮತಬೋಧೆಯ ಪಾಠವೆಂಬುದು ವೇಳಾಪಟ್ಟಿಯಲ್ಲಿ ಇಲ್ಲ. ಧರ್ಮವನ್ನು ವಿವರಿಸುವ ಹೊಣೆ ತಾಯಿತಂದೆಯರದು ಮತ್ತು ಸಭೆಯದು. ಶಾಲೆ ಆ ಅಧಿಕಾರಕ್ಕೆ ಕೈಹಾಕಬಾರದು ಎಂಬುದು ಅವರ ನಿಲುವು. ಶಾಲೆಯಲ್ಲಿ ಧರ್ಮವೇನಿದ್ದರೂ ಸರದಿಯಲ್ಲಿ ನಿಲ್ಲುವುದರಲ್ಲಿ, ಚಿಕ್ಕವನ ಮೇಲಂಗಿಗೆ ಗುಂಡಿ ಹಾಕಿಕೊಡುವುದರಲ್ಲಿ, ಗೆದ್ದಾಗ ಜಂಬ ಕೊಚ್ಚದಿರುವುದರಲ್ಲಿ ಇರತಕ್ಕದ್ದು. ಮತದ ಹೆಸರಿನಲ್ಲಿ ನಡೆಯುವ ಶಾಲೆಯೊಂದು ಮತಬೋಧೆಯನ್ನೇ ಬಿಟ್ಟುಕೊಟ್ಟಿರುವುದು ಅಪರೂಪವೇ ಸರಿ.

ಮೊದಲ ತರಗತಿಗೆ ಬರುವ ಮಗುವಿನ ಪಾಡು ಸುಲಭವಲ್ಲ. ಮನೆಯಲ್ಲಿ ಆಡುವುದು ಪೆನ್ಸಿಲ್ವೇನಿಯ ಜರ್ಮನ್ ಎಂಬ ಉಪಭಾಷೆ; ಬೈಬಲ್ಲು ಇರುವುದು ಗ್ರಾಂಥಿಕ ಜರ್ಮನ್ನಿನಲ್ಲಿ; ಶಾಲೆಯ ಪಾಠಗಳು ಇಂಗ್ಲಿಷಿನಲ್ಲಿ. ಎಷ್ಟೋ ಮಕ್ಕಳಿಗೆ ಶಾಲೆಗೆ ಸೇರುವ ದಿನ ಇಂಗ್ಲಿಷಿನ ನಾಲ್ಕು ಮಾತು ಬಂದರೆ ಹೆಚ್ಚು. ಮಾತು ತೋಚದೆ ಮಗು ಕಣ್ಣು ಪಿಳುಕಿಸುತ್ತ ಕುಳಿತಾಗ ಹಿಂದಿನ ಬೆಂಚಿನ ಅಕ್ಕನೋ ಅಣ್ಣನೋ ಮನೆಯ ಮಾತಿನಲ್ಲಿ ಮೆಲ್ಲಗೆ ದಾರಿ ತೋರಿಸುತ್ತಾರೆ. ಎಂಟನೆಯ ತರಗತಿ ಮುಗಿಸುವ ವೇಳೆಗೆ ಅದೇ ಮಗು ಎರಡು ಭಾಷೆಗಳನ್ನು ಆಡಬಲ್ಲದು, ಮೂರನೆಯದನ್ನು ಓದಬಲ್ಲದು.

ಕಲಿಕೆಯ ಕ್ರಮ ಹಳೆಯದು. ಉಪಾಧ್ಯಾಯಿನಿ ಒಂದು ತರಗತಿಯನ್ನು ಮುಂದಕ್ಕೆ ಕರೆದು ಪಾಠ ಒಪ್ಪಿಸಿಕೊಳ್ಳುತ್ತಾಳೆ. ಉಳಿದ ಏಳು ತರಗತಿಗಳು ತಂತಮ್ಮ ಲೆಕ್ಕ, ಕಾಗುಣಿತ, ಅಂದವಾದ ಕೈಬರಹಗಳಲ್ಲಿ ತೊಡಗಿರುತ್ತವೆ. ಸಂಶಯ ಬಂದವರು ಕೈಯೆತ್ತುತ್ತಾರೆ. ಏಳನೆಯ ತರಗತಿಯ ಹುಡುಗಿ ಎರಡನೆಯ ತರಗತಿಯವರ ಮುಂದೆ ಮಗ್ಗಿಯ ಚೀಟಿಗಳನ್ನು ಒಂದೊಂದಾಗಿ ಎತ್ತಿ ಹಿಡಿದು ಉತ್ತರ ಕೇಳುತ್ತಾಳೆ. ಹೀಗೆ ಚಿಕ್ಕವರು ಮುಂದಿನ ವರ್ಷ ತಮಗೆ ಬರಲಿರುವ ಪಾಠವನ್ನು ಈ ವರ್ಷವೇ ಕದ್ದು ಕೇಳಿರುತ್ತಾರೆ. ದೊಡ್ಡವರು ಮರೆತದ್ದನ್ನು ಚಿಕ್ಕವರ ನೆವದಿಂದ ಮತ್ತೆ ಕಲಿಯುತ್ತಾರೆ. ಲೆಕ್ಕ, ಓದು, ಬರಹ, ಕಾಗುಣಿತ, ವ್ಯಾಕರಣ, ಜರ್ಮನ್, ಕೊಂಚ ಭೂಗೋಲ, ಕೊಂಚ ಚರಿತ್ರೆ, ಇವಿಷ್ಟೇ ಪಠ್ಯ. ವಿಜ್ಞಾನದ ಪಾಠ ಬಹುತೇಕ ಶಾಲೆಗಳಲ್ಲಿ ಇಲ್ಲವೆಂದೇ ಹೇಳಬೇಕು. ಗಣಕಯಂತ್ರದ ಮಾತಂತೂ ದೂರವೇ ಉಳಿಯಿತು. ಪುಸ್ತಕಗಳಲ್ಲಿ ಕೆಲವು ಸರ್ಕಾರಿ ಶಾಲೆಗಳು ಎಂದೋ ಕೈಬಿಟ್ಟ ಹಳೆಯ ಪಠ್ಯಗಳು. ಕೆಲವು ಕೆನಡದ ಆಂಟೇರಿಯೋ ಪ್ರಾಂತದ ಏಲ್ಮರ್ ಎಂಬಲ್ಲಿ 1964ರಲ್ಲಿ ಆಮಿಷರೇ ಸ್ಥಾಪಿಸಿದ ಪಾಥ್‌ವೇ ಪ್ರಕಾಶನದವು. ಅವುಗಳ ಕಥೆಗಳಲ್ಲಿ ಬರುವುದು ಹಸು ಕರೆಯುವ ಹುಡುಗರು, ಅಮ್ಮನಿಗೆ ನೆರವಾಗುವ ಹುಡುಗಿಯರು, ಆಡಿದ ಸುಳ್ಳಿಗೆ ಪಶ್ಚಾತ್ತಾಪಪಡುವ ಪುಟ್ಟ ಮನಸ್ಸುಗಳು. ಮಾತನಾಡುವ ಮೊಲಗಳಿಗೂ ಮಾಂತ್ರಿಕರಿಗೂ ಅಲ್ಲಿ ಎಡೆಯಿಲ್ಲ.

ಮಧ್ಯಾಹ್ನದ ವಿರಾಮವೇ ದಿನದ ಸಿರಿ. ಮನೆಯಿಂದ ತಗಡಿನ ಹಾಳೆಯಲ್ಲಿ ಸುತ್ತಿ ತಂದ ತಿನಿಸನ್ನು ಬೆಳಗಿನಲ್ಲಿಯೇ ಒಲೆಯ ಮೇಲಿಟ್ಟಿರುತ್ತಾರೆ. ಹನ್ನೊಂದು ಗಂಟೆಗೆಲ್ಲ ಅದರ ಕಂಪು ಲೆಕ್ಕದ ಪಾಠವನ್ನು ಕೆಡಿಸತೊಡಗುತ್ತದೆ. ಉಂಡು ಮುಗಿಸಿದ ಮರುಕ್ಷಣ ಎಲ್ಲರೂ ಬಯಲಿಗೆ. ಚೆಂಡುದಾಂಡಿನ ಅಮೆರಿಕದ ರೂಪವಾದ ಸಾಫ್ಟ್‌ಬಾಲ್ ಆಟದಲ್ಲಿ ಹುಡುಗರು, ಹುಡುಗಿಯರು, ಆರು ವರ್ಷದವರು, ಹದಿನಾಲ್ಕರವರು ಎಂಬ ಭೇದವಿಲ್ಲ. ಉಪಾಧ್ಯಾಯಿನಿಯೂ ಸೆರಗು ಸಿಕ್ಕಿಸಿದವಳಂತೆ ಲಂಗವನ್ನು ಹಿಡಿದು ಓಡುತ್ತಾಳೆ. ಕ್ರಿಸ್‌ಮಸ್ಸಿನ ಮುನ್ನ ಮಕ್ಕಳು ಹಾಡು, ಪದ್ಯವಾಚನ, ಕಿರುಸಂವಾದಗಳನ್ನು ಸಿದ್ಧಪಡಿಸುತ್ತಾರೆ. ಆ ದಿನ ತಾಯಿತಂದೆಯರು, ಅಜ್ಜಅಜ್ಜಿಯರು, ಕಂಕುಳ ಕೂಸುಗಳು ಎಲ್ಲರೂ ಬಂದು ಪುಟ್ಟ ಕೋಣೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಉಳಿದ ದಿನಗಳಲ್ಲಿಯೂ ತಾಯಂದಿರು ಹೇಳದೆ ಕೇಳದೆ ಬಂದು ಹಿಂದೆ ಕುಳಿತು ಪಾಠ ನೋಡಿ ಹೋಗುವುದುಂಟು. ಶಾಲೆಯನ್ನು ಕಟ್ಟಿದವರು, ಸೌದೆ ಒದಗಿಸುವವರು, ಉಪಾಧ್ಯಾಯಿನಿಗೆ ಸಂಬಳ ಕೊಡುವವರು ಅವರೇ. ಜೊತೆಗೆ ಸರ್ಕಾರಿ ಶಾಲೆಗಳಿಗಾಗಿ ತೆರಿಗೆಯನ್ನೂ ಸಲ್ಲಿಸುತ್ತಾರೆ.

ಉಪಾಧ್ಯಾಯಿನಿಯ ವಿಚಾರವನ್ನು ಪ್ರತ್ಯೇಕವಾಗಿ ಹೇಳಬೇಕು. ಸಾಮಾನ್ಯವಾಗಿ ಅವಳು ಇಪ್ಪತ್ತರ ಆಚೀಚೆಯ ಅವಿವಾಹಿತೆ. ಅವಳೂ ಓದಿದ್ದು ಇಂಥದೇ ಶಾಲೆಯಲ್ಲಿ, ಎಂಟನೆಯ ತರಗತಿಯವರೆಗೆ. ಪದವಿಯಿಲ್ಲ, ತರಬೇತಿಯ ಪ್ರಮಾಣಪತ್ರವಿಲ್ಲ. ಹಿರಿಯ ಉಪಾಧ್ಯಾಯಿನಿಯರ ಕೈಕೆಳಗೆ ನಿಂತು, ಶಿಕ್ಷಕರ ಕೂಟಗಳಿಗೆ ಹೋಗಿ, ಅವರದೇ ಮಾಸಪತ್ರಿಕೆಯನ್ನು ಓದಿ ಕಸಬನ್ನು ಕಲಿಯುತ್ತಾಳೆ, ಮದುವೆಯಾದೊಡನೆ ಬಿಟ್ಟುಹೋಗುತ್ತಾಳೆ. ಅವಳ ವಿದ್ವತ್ತಿಗಿಂತ ನಡತೆಯನ್ನು ನೋಡಿ ಆರಿಸುತ್ತಾರೆ. ಇದರಲ್ಲಿ ಸೊಗಸೂ ಇದೆ, ಅಪಾಯವೂ ಇದೆ. ಒಬ್ಬಳಿಗೆ ಭಿನ್ನರಾಶಿ ತೊಡಕಾದರೆ ಇಡೀ ಊರಿನ ಒಂದು ತಲೆಮಾರಿಗೆ ಅದು ತೊಡಕಾಗಿಯೇ ಉಳಿದೀತು. ತಿದ್ದುವ ಎರಡನೆಯ ಶಿಕ್ಷಕರು ಆ ಕೋಣೆಯಲ್ಲಿಲ್ಲ.

ಮೊದಲಿಗೆ ಆಮಿಷರಿಗೆ ಬೇರೆ ಶಾಲೆಗಳಿರಲಿಲ್ಲ. ನೆರೆಹೊರೆಯವರ ಮಕ್ಕಳೊಡನೆ ಇವರ ಮಕ್ಕಳೂ ಊರಿನ ಸರ್ಕಾರಿ ಶಾಲೆಗೇ ಹೋಗುತ್ತಿದ್ದರು. ಆ ಹಳ್ಳಿಯ ಶಾಲೆಗಳನ್ನು ಮುಚ್ಚಿ ದೂರದ ಪಟ್ಟಣದಲ್ಲಿ ದೊಡ್ಡ ಶಾಲೆಗಳನ್ನು ಕಟ್ಟತೊಡಗಿದಾಗ, ಕಡ್ಡಾಯ ವಿದ್ಯಾಭ್ಯಾಸದ ವಯಸ್ಸನ್ನು ಏರಿಸಿದಾಗ ಇವರು ಹಿಂಜರಿದರು. ಮೊದಲ ಆಮಿಷ್ ಶಾಲೆ 1925ರಲ್ಲಿ ಡೆಲವೇರ್ ರಾಜ್ಯದಲ್ಲಿ ತೆರೆಯಿತು. ಪೆನ್ಸಿಲ್ವೇನಿಯದಲ್ಲಿ ಮಕ್ಕಳನ್ನು ಪ್ರೌಢಶಾಲೆಗೆ ಕಳುಹಿಸದ ತಪ್ಪಿಗೆ ಎಷ್ಟೋ ತಂದೆಯರು ಸೆರೆಮನೆ ಕಂಡರು. 1950ರ ದಶಕದ ಮಧ್ಯಭಾಗದಲ್ಲಿ ಅಲ್ಲೊಂದು ರಾಜಿಯಾಯಿತು: ಎಂಟನೆಯ ತರಗತಿ ಮುಗಿಸಿದ ಮಗು ಮನೆಯಲ್ಲಿ ಕೆಲಸ ಕಲಿಯುತ್ತ, ಅದರ ದಿನಚರಿ ಬರೆಯುತ್ತ, ಹದಿನೈದು ತುಂಬುವವರೆಗೆ ವಾರಕ್ಕೆ ಮೂರು ಗಂಟೆ ಪಾಠಕ್ಕೆ ಬಂದರೆ ಸಾಕು. ಎಲ್ಲ ಕಡೆಯೂ ಹೀಗೆ ನಯವಾಗಿ ಮುಗಿಯಲಿಲ್ಲ. 1965ರ ನವೆಂಬರಿನಲ್ಲಿ ಅಯೋವ ರಾಜ್ಯದಲ್ಲಿ ಅಧಿಕಾರಿಗಳು ಆಮಿಷ್ ಮಕ್ಕಳನ್ನು ಸರ್ಕಾರಿ ಶಾಲೆಗೆ ಒಯ್ಯಲು ಬಸ್ಸಿನೊಡನೆ ಬಂದಾಗ, ಮಕ್ಕಳು ಹೆದರಿ ಜೋಳದ ಹೊಲದತ್ತ ಓಡಿದರು. ಪತ್ರಿಕಾ ಛಾಯಾಗ್ರಾಹಕರು ಅಲ್ಲಿಯೇ ಇದ್ದರು. ಬೇಲಿಯ ಕಡೆಗೆ ಓಡುವ ಆ ಮಕ್ಕಳ ಚಿತ್ರ ನೂರು ವಾದಗಳು ಮಾಡದ ಕೆಲಸವನ್ನು ಮಾಡಿತು.

ಕೊನೆಗೆ ಪ್ರಶ್ನೆ ಇತ್ಯರ್ಥವಾದದ್ದು ವಿಸ್ಕಾನ್ಸಿನ್ನಿನ ಮೊಕದ್ದಮೆಯಲ್ಲಿ. 1968ರಲ್ಲಿ ಅಲ್ಲಿನ ನ್ಯೂ ಗ್ಲಾರಸ್ ಎಂಬ ಊರಿನ ಬಳಿಯ ಮೂವರು ತಂದೆಯರು ಹದಿನಾಲ್ಕು ಹದಿನೈದರ ತಮ್ಮ ಮಕ್ಕಳನ್ನು ಪ್ರೌಢಶಾಲೆಗೆ ಕಳುಹಿಸಲಿಲ್ಲ. ಹದಿನಾರರವರೆಗೆ ಓದಿಸಬೇಕೆಂಬುದು ಅಲ್ಲಿನ ಕಾನೂನು. ತಲೆಗೆ 5 ಡಾಲರ್ ದಂಡ ಬಿತ್ತು. ನ್ಯಾಯಾಲಯದ ಮೆಟ್ಟಿಲೇರುವುದು ಆಮಿಷರ ಧರ್ಮಕ್ಕೆ ಒಗ್ಗದು. ಅವರ ಪರವಾಗಿ ಒಂದು ಸಮಿತಿ ನಿಂತಿತು. ಅದರ ಮುಂದಾಳು ಲೂಥರನ್ ಪಾದ್ರಿ, ವಾದಿಸಿದ ವಕೀಲ ರೋಮನ್ ಕ್ಯಾಥೊಲಿಕ್. ಹದಿನಾರನೆಯ ಶತಮಾನದಲ್ಲಿ ಇದೇ ಜನರ ಪೂರ್ವಿಕರನ್ನು ಬೆಂಕಿಗೂ ನೀರಿಗೂ ನೂಕಿದ್ದರಲ್ಲಿ ಆ ಎರಡು ಮತಗಳ ಪ್ರಭುಗಳ ಪಾಲೂ ಇದ್ದದ್ದನ್ನು ಬಲ್ಲವರು ಇದನ್ನು ಕಂಡು ಮುಗುಳ್ನಗದಿರಲಾರರು. ಆಮಿಷ್ ಮನೆತನದಲ್ಲಿ ಹುಟ್ಟಿ ಸಮಾಜಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಜಾನ್ ಹಾಸ್ಟೆಟ್ಲರ್ ಸಾಕ್ಷಿ ನುಡಿದ. ಪ್ರಪಂಚದಲ್ಲಿ ತನ್ನ ಸ್ಥಾನವನ್ನು ಪಡೆಯಲಲ್ಲವೆ ಮಗುವಿಗೆ ವಿದ್ಯೆ ಎಂದು ಎದುರು ಪಕ್ಷದವರು ಕೇಳಿದಾಗ, ಅದು ಯಾವ ಪ್ರಪಂಚ ಎಂಬುದನ್ನು ಅವಲಂಬಿಸಿದೆ ಎಂದು ಆತ ಉತ್ತರಿಸಿದನು.

1972ರ ಮೇ 15ರಂದು ತೀರ್ಪು ಬಂದಿತು. ಆಮಿಷರ ಬಾಳಿನ ಕ್ರಮವೂ ಅವರ ಶ್ರದ್ಧೆಯೂ ಬೇರ್ಪಡಿಸಲಾಗದಂಥವು. ಇನ್ನೆರಡು ವರ್ಷ ಓದಿಸಬೇಕೆಂಬ ಸರ್ಕಾರದ ಹಟ ಆ ಶ್ರದ್ಧೆಯನ್ನು ಮುರಿಯುವಷ್ಟು ಅಗತ್ಯವಾದುದಲ್ಲ ಎಂದು ಮುಖ್ಯ ನ್ಯಾಯಾಧೀಶ ವಾರೆನ್ ಬರ್ಗರ್ ಬರೆದನು. ಆದರೆ ವಿಲಿಯಂ ಡಗ್ಲಸ್ ಎಂಬ ನ್ಯಾಯಾಧೀಶ ಭಾಗಶಃ ಭಿನ್ನಮತ ದಾಖಲಿಸಿದನು. ಮೂವರ ಮಕ್ಕಳಲ್ಲಿ ಸಾಕ್ಷಿಪೆಟ್ಟಿಗೆಗೆ ಬಂದು ತನ್ನ ಇಷ್ಟವನ್ನು ಹೇಳಿದವಳು ಒಬ್ಬಳೇ ಹುಡುಗಿ. ಉಳಿದವರನ್ನು ಯಾರು ಕೇಳಿದರು? ನಾಳೆ ಅವರಲ್ಲೊಬ್ಬ ಪಿಯಾನೋ ವಾದಕನಾಗಲೋ ಗಗನಯಾತ್ರಿಯಾಗಲೋ ಬಯಸಿದರೆ, ಬಾಗಿಲನ್ನು ಇಂದೇ ಮುಚ್ಚುವ ಹಕ್ಕು ಯಾರದು? ಇದು ಅವನ ಪ್ರಶ್ನೆಯ ತಿರುಳು.

ಅರ್ಧ ಶತಮಾನ ಕಳೆದರೂ ಆ ಪ್ರಶ್ನೆಯ ಮೊನೆ ಮೊಂಡಾಗಿಲ್ಲ. ಶಿಶುವಿಗೆ ದೀಕ್ಷಾಸ್ನಾನ ಸಲ್ಲದು, ಬುದ್ಧಿ ಬಲಿತವನು ತಾನೇ ಆರಿಸಿಕೊಳ್ಳಬೇಕು ಎಂಬುದೇ ಈ ಪಂಗಡದ ಮೂಲಾಧಾರ. ಬೆಳೆದ ಮಕ್ಕಳಲ್ಲಿ ನೂರಕ್ಕೆ ಸುಮಾರು 85 ಮಂದಿ ಸಭೆಯನ್ನೇ ಆರಿಸಿಕೊಳ್ಳುತ್ತಾರೆ. ಶಾಲೆ ತನ್ನ ಕೆಲಸವನ್ನು ಸಾಧಿಸಿದೆ ಎಂದು ಹಿರಿಯರು ಹೇಳಬಹುದು. ಬಿಟ್ಟು ಹೋಗುವ ಉಳಿದವರು ಹದಿನೆಂಟು ಇಪ್ಪತ್ತರ ವಯಸ್ಸಿನಲ್ಲಿ, ಪ್ರೌಢಶಾಲೆಯ ಪ್ರಮಾಣಪತ್ರವನ್ನೇ ಎಲ್ಲದಕ್ಕೂ ಕೇಳುವ ನಾಡಿನಲ್ಲಿ, ಮೊದಲಿನಿಂದ ಆರಂಭಿಸಬೇಕು. ಒಳಗೆ ಉಳಿದವರ ಲೋಕವೂ ನಿಂತಿಲ್ಲ. ಲ್ಯಾಂಕಾಸ್ಟರಿನಲ್ಲಿ ಭೂಮಿಯ ಬೆಲೆ ಗಗನಕ್ಕೇರಿ ಬೇಸಾಯ ಎಲ್ಲರಿಗೂ ದಕ್ಕುತ್ತಿಲ್ಲ. ಬಡಗಿ ಕೆಲಸ, ಮನೆ ಕಟ್ಟುವ ಗುತ್ತಿಗೆ, ಅಂಗಡಿ ವ್ಯಾಪಾರ ಹೆಚ್ಚಿವೆ. ಎಂಟನೆಯ ತರಗತಿಯ ಲೆಕ್ಕದಿಂದಲೇ ಬಹಳ ಮಂದಿ ಚೆನ್ನಾಗಿ ವ್ಯಾಪಾರ ನಡೆಸುತ್ತಿರುವುದನ್ನೂ ಹೇಳದಿದ್ದರೆ ಅನ್ಯಾಯವಾದೀತು.

ಈ ಶಾಲೆಗಳ ಹೆಸರು ಲೋಕಕ್ಕೆಲ್ಲ ಕೇಳಿಸಿದ್ದು ಮಾತ್ರ ಒಂದು ಘೋರ ಸಂಗತಿಯಿಂದ. 2006ರ ಅಕ್ಟೋಬರ್ 2ರಂದು ಲ್ಯಾಂಕಾಸ್ಟರ್ ಜಿಲ್ಲೆಯ ನಿಕಲ್ ಮೈನ್ಸ್ ಎಂಬಲ್ಲಿನ ಶಾಲೆಗೆ ನುಗ್ಗಿದ ಹೊರಗಿನವನೊಬ್ಬ ಹತ್ತು ಬಾಲಕಿಯರಿಗೆ ಗುಂಡಿಕ್ಕಿ, ತಾನೂ ಗುಂಡಿಟ್ಟುಕೊಂಡು ಸತ್ತನು. ಐವರು ಬಾಲಕಿಯರು ತೀರಿಕೊಂಡರು. ಅಂದಿನಿಂದಲೇ ಆಮಿಷರು ಕೊಲೆಗಾರನ ಹೆಂಡತಿಯನ್ನೂ ತಂದೆತಾಯಿಯರನ್ನೂ ಹುಡುಕಿಕೊಂಡು ಹೋಗಿ ಸಂತೈಸಿದರು. ಅವನ ಶವಸಂಸ್ಕಾರಕ್ಕೆ ಬಂದು ನಿಂತವರಲ್ಲಿ ಬಹಳ ಮಂದಿ ಅವರೇ. ಇದು ಹೃದಯದ ಮಾತೋ ಕಟ್ಟಳೆಯ ಮಾತೋ ಎಂದು ಪತ್ರಿಕೆಗಳು ಚರ್ಚಿಸಿದವು. ಹತ್ತನೆಯ ದಿನ ಆ ಶಾಲೆಯನ್ನು ಕೆಡವಿ ನೆಲವನ್ನು ಹುಲ್ಲುಗಾವಲಾಗಿ ಬಿಟ್ಟರು. ಸರಿಯಾಗಿ ಆರು ತಿಂಗಳಿಗೆ, 2007ರ ಏಪ್ರಿಲ್ 2ರಂದು, ಹತ್ತಿರದಲ್ಲಿಯೇ ಕಟ್ಟಿದ ಹೊಸ ಶಾಲೆಗೆ ಮಕ್ಕಳು ಹೋದರು. ಅದಕ್ಕೆ ಇಟ್ಟ ಹೆಸರು ‘ನ್ಯೂ ಹೋಪ್’, ಹೊಸ ಭರವಸೆ.

ನಡುವೆ ರಜೆಗಳು ಕಡಿಮೆಯಾದ್ದರಿಂದ ಆಮಿಷ್ ಶಾಲೆಗಳ ವರ್ಷ ಮೇ ತಿಂಗಳಿನಲ್ಲಿ ಬೇಗನೆ ಮುಗಿಯುತ್ತದೆ. ಕೊನೆಯ ದಿನ ಪಾಠವಿಲ್ಲ. ತಾಯಂದಿರು ತಂದ ಅಡಿಗೆಯನ್ನು ಮರದ ನೆರಳಿನಲ್ಲಿ ಹರಡುತ್ತಾರೆ. ತಂದೆಯರು ಒಂದು ಪಕ್ಷವಾಗಿ, ಮಕ್ಕಳು ಇನ್ನೊಂದು ಪಕ್ಷವಾಗಿ ಚೆಂಡಾಡುತ್ತಾರೆ. ಸಂಜೆ ಎಂಟನೆಯ ತರಗತಿಯವರು ಮೇಜಿನೊಳಗಿನ ಪುಸ್ತಕ, ಪೆನ್ಸಿಲುಗಳನ್ನು ತೆಗೆದು ಚೀಲಕ್ಕೆ ತುಂಬಿಕೊಂಡು, ಟೋಪಿಯನ್ನು ಗೂಟದಿಂದ ಇಳಿಸಿಕೊಂಡು ಹೊರಡುತ್ತಾರೆ. ಸೋಮವಾರ ಬೆಳಿಗ್ಗೆ ಹುಡುಗ ಅಪ್ಪನ ಹೊಲದಲ್ಲಿಯೋ ಚಿಕ್ಕಪ್ಪನ ಬಡಗಿ ಶಾಲೆಯಲ್ಲಿಯೋ ಕೆಲಸಕ್ಕೆ ನಿಂತಿರುತ್ತಾನೆ.