ನಿಮಗಿದು ಗೊತ್ತೇ? ಅಮೆರಿಕದ ಜೈಲು, ಬಡವರ ಪಾಲು

ಜಗತ್ತಿನ ಜನಸಂಖ್ಯೆಯಲ್ಲಿ ಅಮೆರಿಕದ ಪಾಲು ನೂರಕ್ಕೆ 4 ಚಿಲ್ಲರೆ. ಜಗತ್ತಿನ ಕೈದಿಗಳಲ್ಲಿ 15ಕ್ಕೂ ಮಿಗಿಲು. 1970ರ ದಶಕದ ಆರಂಭದಲ್ಲಿ ಅಲ್ಲಿನ ರಾಜ್ಯ ಮತ್ತು ಫೆಡರಲ್ ಜೈಲುಗಳಲ್ಲಿದ್ದವರು ಸುಮಾರು 2 ಲಕ್ಷ. 2009ರ ಹೊತ್ತಿಗೆ 16 ಲಕ್ಷ! ಅಷ್ಟರಲ್ಲಿ ದೇಶದ ಜನಸಂಖ್ಯೆ ಏರಿದ್ದು ಒಂದೂವರೆ ಪಟ್ಟು.

ದೇಶದ ಜನರಲ್ಲಿ ಕಪ್ಪುವರ್ಣೀಯರು ನೂರಕ್ಕೆ 14ರ ಆಸುಪಾಸು. ಜೈಲಿನೊಳಗೆ ಎಣಿಸಿದರೆ ಸುಮಾರು ಮೂವರಲ್ಲಿ ಒಬ್ಬರು.

ಗುಲಾಮಗಿರಿ 1865ರಲ್ಲಿ ರದ್ದಾಯಿತೆಂದು ಶಾಲೆಯಲ್ಲಿ ಓದಿದ್ದೇವೆ. ಆದರೆ ರದ್ದು ಮಾಡಿದ ಸಂವಿಧಾನದ 13ನೇ ತಿದ್ದುಪಡಿಯಲ್ಲೇ ಒಂದು ಕಂಡಿ ಉಳಿದಿದೆ: ಅಪರಾಧಕ್ಕೆ ಶಿಕ್ಷೆಯಾಗಿ ದುಡಿಸಿಕೊಂಡರೆ ನಿಷೇಧ ಅನ್ವಯಿಸದು. ದಕ್ಷಿಣದ ರಾಜ್ಯಗಳು ಆ ಕಂಡಿಯಲ್ಲಿ ಲೀಲಾಜಾಲವಾಗಿ ನುಗ್ಗಿದವು. ಕೆಲಸವಿಲ್ಲದೆ ತಿರುಗುವುದೇ ಅಪರಾಧ ಎಂದು ಕಾನೂನು ಮಾಡಿ, ಬಿಡುಗಡೆಯಾದ ಗುಲಾಮರನ್ನೇ ಹಿಡಿದು, ಗಣಿಗೂ ತೋಟಕ್ಕೂ ಬಾಡಿಗೆಗೆ ಕೊಟ್ಟವು. ಈ ಕೈದಿ ಗುತ್ತಿಗೆಯನ್ನು ಕೊನೆಯದಾಗಿ ಕೈಬಿಟ್ಟ ರಾಜ್ಯ ಅಲಬಾಮಾ. ವರ್ಷ 1928.

ಲೂಸಿಯಾನಾ ರಾಜ್ಯದ ದೊಡ್ಡ ಜೈಲಿನ ಅಡ್ಡಹೆಸರು 'ಅಂಗೋಲಾ'. ಅಲ್ಲಿ ಮೊದಲಿದ್ದ ತೋಟದ ಹೆಸರೇ ಜೈಲಿಗೂ ಅಂಟಿಕೊಂಡಿದೆ. ಆ ತೋಟದಲ್ಲಿ ದುಡಿದವರು ಗುಲಾಮರು. ಈಗಿನ ಜೈಲಿನ ವಿಸ್ತಾರ 18,000 ಎಕರೆ, ನ್ಯೂಯಾರ್ಕ್‌ನ ಮ್ಯಾನ್‌ಹ್ಯಾಟನ್‌ಗಿಂತ ದೊಡ್ಡದು. ಹೊಲದಲ್ಲಿ ಸಾಲಾಗಿ ಬಗ್ಗಿ ಕೆಲಸ ಮಾಡುವ ಕೈದಿಗಳು, ಕುದುರೆ ಮೇಲೆ ಬಂದೂಕು ಹಿಡಿದ ಕಾವಲುಗಾರ. ಕೂಲಿ ಗಂಟೆಗೆ 2 ಸೆಂಟ್‌ನಿಂದ ಶುರು. ಡಾಲರ್ ಅಲ್ಲ, ಸೆಂಟ್.

ಇನ್ನು ಮಾದಕ ವಸ್ತುಗಳ ಕಾನೂನು. ಕೊಕೇನ್ ಪುಡಿಗೆ ಅಡಿಗೆ ಸೋಡಾ, ನೀರು ಹಾಕಿ ಕಾಯಿಸಿದರೆ 'ಕ್ರ್ಯಾಕ್'. 1986ರ ಕಾನೂನಿನ ಪ್ರಕಾರ 5 ಗ್ರಾಂ ಕ್ರ್ಯಾಕ್ ಮಾರಿದವನಿಗೂ 500 ಗ್ರಾಂ ಪುಡಿ ಮಾರಿದವನಿಗೂ ಶಿಕ್ಷೆ ಒಂದೇ: ಕನಿಷ್ಠ 5 ವರ್ಷ. ಅಗ್ಗದ ಕ್ರ್ಯಾಕ್ ಬಿಕರಿಯಾಗುತ್ತಿದ್ದದ್ದು ಬಡ ಕೇರಿಗಳಲ್ಲಿ. ಶಿಕ್ಷೆಯಾದವರಲ್ಲಿ ಬಹುಪಾಲು ಕಪ್ಪುವರ್ಣೀಯರು. 2010ರಲ್ಲಿ ಈ 100ಕ್ಕೆ 1ರ ಅಂತರವನ್ನು 18ಕ್ಕೆ 1 ಮಾಡಿದರು. ಸಮ ಮಾಡುವ ಮನಸ್ಸು ಮಾತ್ರ ಆಗಲಿಲ್ಲ ನೋಡಿ.

ಜಾಮೀನಿನ ವಿಷಯಕ್ಕೆ ಬರೋಣ. ನಮ್ಮ ಕೋರ್ಟುಗಳಲ್ಲಿ ಪರಿಚಯದವರೊಬ್ಬರು ಪಹಣಿ ಹಿಡಿದು ಶ್ಯೂರಿಟಿ ನಿಲ್ಲುವುದನ್ನು ಕಂಡಿದ್ದೇವಷ್ಟೇ. ಅಮೆರಿಕದ ಬಹುತೇಕ ಕಡೆ ಅದೊಂದು ವ್ಯಾಪಾರ. ಆರೋಪಿಯ ಪರವಾಗಿ ಕಂಪನಿ ಹೊಣೆ ಹೊರುತ್ತದೆ, ಸಾಮಾನ್ಯವಾಗಿ ನೂರಕ್ಕೆ 10 ಶುಲ್ಕ ವಸೂಲಿ ಮಾಡುತ್ತದೆ. ಖುಲಾಸೆಯಾದರೂ ಆ ದುಡ್ಡು ವಾಪಸ್ ಬರದು. ಈ ಧಂದೆಗೆ ಅವಕಾಶ ಇರುವ ಇನ್ನೊಂದು ದೇಶವೆಂದರೆ ಫಿಲಿಪ್ಪೀನ್ಸ್.

ಆ ಶುಲ್ಕವನ್ನೂ ಹೊಂದಿಸಲಾಗದವರ ಗತಿ? 2010ರಲ್ಲಿ ನ್ಯೂಯಾರ್ಕ್‌ನ 16 ವರ್ಷದ ಕಪ್ಪು ಹುಡುಗನೊಬ್ಬನನ್ನು ಬ್ಯಾಗ್ ಕದ್ದ ಆರೋಪದಲ್ಲಿ ಹಿಡಿದರು. ಮೊದಲಿಗೆ ಗೊತ್ತುಮಾಡಿದ ಜಾಮೀನು 3,000 ಡಾಲರ್. ಮನೆಯವರ ಕೈಲಿ ಅಷ್ಟಿರಲಿಲ್ಲ. ಸುಮಾರು 3 ವರ್ಷ ರೈಕರ್ಸ್ ದ್ವೀಪದ ಜೈಲು, ಅದರಲ್ಲಿ 2 ವರ್ಷದಷ್ಟು ಒಂಟಿ ಸೆಲ್. ವಿಚಾರಣೆ ನಡೆಯಲೇ ಇಲ್ಲ. 2013ರಲ್ಲಿ ಕೇಸು ವಜಾ. 2015ರಲ್ಲಿ ಅವನು ಪ್ರಾಣ ಕಳೆದುಕೊಂಡ.

ಮಿಸೌರಿಯ ಫರ್ಗುಸನ್ ಪಟ್ಟಣದ ಬಗ್ಗೆ ಅಮೆರಿಕದ ನ್ಯಾಯಾಂಗ ಇಲಾಖೆ 2015ರಲ್ಲಿ ಕೊಟ್ಟ ವರದಿಯಲ್ಲಿ ಒಬ್ಬ ಕಪ್ಪು ಮಹಿಳೆಯ ಲೆಕ್ಕ ಹೀಗಿದೆ: 2007ರಲ್ಲಿ ಕಾರನ್ನು ತಪ್ಪು ಜಾಗದಲ್ಲಿ ನಿಲ್ಲಿಸಿದ್ದಕ್ಕೆ 151 ಡಾಲರ್ ಮತ್ತು ಶುಲ್ಕ. ಕಂತು ತಪ್ಪಿದಾಗ, ಕೋರ್ಟಿಗೆ ಬರದಿದ್ದಾಗ ಮತ್ತೆ ಮತ್ತೆ ದಂಡ. ಎರಡು ಸಲ ಬಂಧನ, 6 ದಿನ ಜೈಲು. 2014ರ ಕೊನೆಗೆ ಆಕೆ ಕಟ್ಟಿದ್ದು 550 ಡಾಲರ್, ಬಾಕಿ ಇನ್ನೂ 541. ಬಡ್ಡಿ ಸಾಹುಕಾರನೂ ನಾಚಬೇಕು.

ವಕೀಲನಿಗೆ ಕೊಡಲು ಕಾಸಿಲ್ಲದವರಿಗೆ ಸರ್ಕಾರವೇ ವಕೀಲನನ್ನು ಒದಗಿಸಬೇಕು ಎಂಬ 1963ರ ತೀರ್ಪು ಬಂದದ್ದು ಕ್ಲಾರೆನ್ಸ್ ಗಿಡಿಯನ್ ಎಂಬ ಬಡ ಬಿಳಿಯನಿಂದ. ಫ್ಲೋರಿಡಾದ ಜೈಲಿನಿಂದ ಸುಪ್ರೀಂ ಕೋರ್ಟಿಗೆ ಪೆನ್ಸಿಲ್ಲಿನಲ್ಲಿ ಅರ್ಜಿ ಬರೆದ ಪುಣ್ಯಾತ್ಮ. ವಕೀಲರ ಸಹಾಯದಿಂದ ಮರುವಿಚಾರಣೆ ನಡೆದಾಗ ಖುಲಾಸೆಯೂ ಆದ. ಈಗ ಮಾತ್ರ ಶಿಕ್ಷೆಯಾಗುವ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಪ್ರಕರಣ ವಿಚಾರಣೆಯ ಹಂತಕ್ಕೇ ಹೋಗುವುದಿಲ್ಲ. ತಪ್ಪೊಪ್ಪಿಗೆಯ ರಾಜಿಯಲ್ಲಿ ಮುಗಿಯುತ್ತವೆ.

ಜೈಲು ಸೇರಿದ ಮೇಲೂ ಖರ್ಚು ತಪ್ಪದು. ಕೈದಿಗಳ ಫೋನ್ ಕರೆಯನ್ನು ಉಚಿತ ಮಾಡಲು 2021ರಲ್ಲಿ ಮೊದಲು ಕಾನೂನು ತಂದ ರಾಜ್ಯ ಕನೆಕ್ಟಿಕಟ್. ಅದಕ್ಕೆ ಮುಂಚೆ ಅಲ್ಲಿ 15 ನಿಮಿಷದ ಮಾತಿಗೆ 5 ಡಾಲರ್ ಹತ್ತಿರ ಹತ್ತಿರ.

ಜೈಲಿನಲ್ಲಿರುವಾಗಲೂ ಎಲ್ಲ ಕೈದಿಗಳಿಗೆ ಮತದಾನದ ಹಕ್ಕು ಉಳಿಸಿರುವ ರಾಜ್ಯಗಳು ಎರಡೇ: ಮೇನ್, ವರ್ಮಾಂಟ್. ಆದರೆ ಜನಗಣತಿ ಕೈದಿಗಳನ್ನು ಬಿಡುವುದಿಲ್ಲ. ಜೈಲಿರುವ ಊರಿನ ನಿವಾಸಿಗಳೆಂದೇ ಎಣಿಸುತ್ತದೆ. ಐಯೋವಾದ ಅನಮೋಸಾ ಎಂಬ ಸಣ್ಣ ಪಟ್ಟಣದ ಒಂದು ವಾರ್ಡಿನಲ್ಲಿ ಸುಮಾರು 1,300 'ನಿವಾಸಿಗಳು' ಜೈಲಿನ ಕೈದಿಗಳೇ ಆಗಿದ್ದರು. ಹೊರಗಿದ್ದವರು ಅರವತ್ತು ಮಂದಿಯೂ ಇಲ್ಲ. 2005ರ ಪುರಸಭೆ ಚುನಾವಣೆಯಲ್ಲಿ ಅಲ್ಲಿ ಗೆದ್ದಾತನ ಹೆಸರು ಮತಪತ್ರದಲ್ಲೇ ಇರಲಿಲ್ಲ. ಮತದಾರರು ಕೈಯಲ್ಲಿ ಬರೆದರು. ಬಿದ್ದದ್ದು 2 ಮತ. ಒಂದು ಹೆಂಡತಿಯದು, ಇನ್ನೊಂದು ನೆರೆಮನೆಯವರದು.