ಎಣಿಸಿ ಬಿಚ್ಚು, ಎಣಿಸಿ ಮಡಚು

ಮುಂಬಯಿಯ ದಾದರ್ ಪೂರ್ವದ ಹಿಂದ್ಮಾತಾದಲ್ಲಿ ಒಂದು ಸೀರೆ ಅಂಗಡಿ ಇದೆ ಎಂದುಕೊಳ್ಳಿ. ಮಾಲೀಕ 2,000 ರೂಪಾಯಿ ಕೊಟ್ಟು ತಂದ ಸೀರೆಯೊಂದು ಕಳುವಾಯಿತು. ನಷ್ಟ ಎಷ್ಟು? ‘ಎರಡು ಸಾವಿರ’ ಎಂದು ಥಟ್ಟನೆ ಉತ್ತರಿಸುವವರು ಗಲ್ಲಾದ ಹಿಂದೆ ಕೂತವರಲ್ಲ. ಬಾಡಿಗೆ, ಪಗಾರ, ಕರೆಂಟು, ಬಡ್ಡಿ ಎಲ್ಲ ಕಳೆದು ನೂರು ರೂಪಾಯಿ ವ್ಯಾಪಾರಕ್ಕೆ ಐದು ರೂಪಾಯಿ ಕೈಯಲ್ಲಿ ಉಳಿಯುವ ಅಂಗಡಿಯಾದರೆ, ಹೋದ ಎರಡು ಸಾವಿರವನ್ನು ಮತ್ತೆ ದುಡಿಯಲು 40,000 ರೂಪಾಯಿಯ ಮಾಲು ಮಾರಬೇಕು. ಅಷ್ಟು ಗಿರಾಕಿಗಳ ಮುಂದೆ ಸೀರೆ ಬಿಚ್ಚಿ, ನೀರು ಕೊಟ್ಟು, ಚೌಕಾಸಿ ಮಾಡಿ, ಮತ್ತೆ ಮಡಚಿಡಬೇಕು. ಕಳ್ಳ ಒಯ್ದದ್ದು ಒಂದು ಸೀರೆ. ಅಂಗಡಿಯವನು ಕಳೆದುಕೊಂಡದ್ದು ಒಂದಿಡೀ ದಿನದ ದುಡಿಮೆ.

ಅಂಗಡಿಯ ಲೆಕ್ಕದಲ್ಲಿ ಇದಕ್ಕೆ ‘ಶ್ರಿಂಕೇಜ್’ ಎನ್ನುತ್ತಾರೆ. ಸೋರಿಕೆ ಎಂದರೆ ಇನ್ನೂ ಸರಿ. ವಹಿಯಲ್ಲಿ ಇರಬೇಕಾದ ಮಾಲು ಎಷ್ಟು, ಕಪಾಟಿನಲ್ಲಿ ನಿಜಕ್ಕೂ ಇರುವ ಮಾಲು ಎಷ್ಟು, ಎರಡರ ನಡುವಿನ ಅಂತರವೇ ಸೋರಿಕೆ. ಅಮೆರಿಕದ ನ್ಯಾಷನಲ್ ರಿಟೇಲ್ ಫೆಡರೇಶನ್ 2022ರ ಸಾಲಿಗೆ ತೆಗೆದ ಲೆಕ್ಕದಲ್ಲಿ ಇದು ಮಾರಾಟದ ಶೇ. 1.6ರಷ್ಟಿತ್ತು. ಗಮನಿಸಬೇಕಾದ್ದು ಅದರ ವಿಂಗಡಣೆ: ಹೊರಗಿನವರ ಕಳವು ಶೇ. 36, ಒಳಗಿನ ನೌಕರರದ್ದು ಶೇ. 29, ಬರೀ ಲೆಕ್ಕದ ಮತ್ತು ವ್ಯವಸ್ಥೆಯ ತಪ್ಪುಗಳಿಂದ ಹೋದದ್ದು ಶೇ. 27. ಅಂದರೆ ನಾವು ಹಗಲಿಡೀ ದಿಟ್ಟಿಸುವ ಮುಂಬಾಗಿಲಿಂದ ಹೋಗುವುದು ಮೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೆ. ಇದೇ ಫೆಡರೇಶನ್ ಸಂಘಟಿತ ಕಳ್ಳರ ಗುಂಪುಗಳೇ ಸುಮಾರು ಅರ್ಧ ಸೋರಿಕೆಗೆ ಕಾರಣ ಎಂದು ಹೇಳಿ, ಲೆಕ್ಕ ತಪ್ಪೆಂದು ಗೊತ್ತಾದ ಮೇಲೆ 2023ರ ಡಿಸೆಂಬರಿನಲ್ಲಿ ಆ ಮಾತನ್ನು ಹಿಂದೆ ತೆಗೆದುಕೊಂಡಿತು. ಕಳ್ಳನನ್ನು ದೊಡ್ಡದು ಮಾಡಿ ಹೇಳುವ ಚಾಳಿ ಅಂಗಡಿಕಾರರಿಗೆ ಎಲ್ಲ ದೇಶದಲ್ಲೂ ಇದೆ. ತನ್ನ ಗೋದಾಮಿನ ಅವ್ಯವಸ್ಥೆಗಿಂತ ಕಳ್ಳನ ಕಥೆ ಹೇಳಲು ಸುಲಭ.

ಆದರೂ ಮುಂಬಾಗಿಲಿಂದಲೇ ಶುರು ಮಾಡೋಣ. ದಾದರ್‌ನ ಸಾಂಪ್ರದಾಯಿಕ ಸೀರೆ ಅಂಗಡಿಯಲ್ಲಿ ಗಿರಾಕಿ ಗಾದಿಯ ಮುಂದೆ ಕೂರುತ್ತಾರೆ, ಮಾರುವವನು ಗಾದಿಯ ಮೇಲೆ ಸೀರೆ ಹರವುತ್ತಾನೆ. ಒಂದರ ಮೇಲೊಂದು ಬಿಚ್ಚುತ್ತಾ ಹೋಗುವುದೇ ಅವನ ಕಲೆ. ಬಣ್ಣದ ರಾಶಿ ಎದುರಿಗಿದ್ದಾಗ ಕೊಳ್ಳದೆ ಏಳುವುದಕ್ಕೆ ಗಿರಾಕಿಗೂ ಸಂಕೋಚ. ಕಳ್ಳರಿಗೆ ಅನುಕೂಲವಾಗುವುದೂ ಆ ರಾಶಿಯೇ. ನಾಲ್ಕೈದು ಮಂದಿ ಒಟ್ಟಾಗಿ ಬರುತ್ತಾರೆ. ಒಬ್ಬರು ಬೆಲೆ ಕೇಳುತ್ತಾರೆ, ಇನ್ನೊಬ್ಬರು ಮೇಲಿನ ಕಪಾಟಿನದ್ದು ತೋರಿಸಿ ಎನ್ನುತ್ತಾರೆ, ಮತ್ತೊಬ್ಬರು ನೀರು ಕೇಳುತ್ತಾರೆ. ಮಾರುವವನು ಬೆನ್ನು ತಿರುಗಿಸಿದ ಕ್ಷಣದಲ್ಲಿ ರಾಶಿಯೊಳಗಿನ ಒಂದು ಸೀರೆ ಉಟ್ಟ ಬಟ್ಟೆಯ ಮಡಿಕೆಗಳೊಳಗೆ ಸೇರುತ್ತದೆ. ಬೆಂಗಳೂರಿನ ಜೆ.ಪಿ. ನಗರದ ಪೊಲೀಸರು 2024ರಲ್ಲಿ ರೇಷ್ಮೆ ಸೀರೆ ಕದಿಯುತ್ತಿದ್ದ ಆಂಧ್ರದ ಮಹಿಳೆಯರ ಗುಂಪೊಂದನ್ನು ಹಿಡಿದಾಗ ಹೊರಬಿದ್ದದ್ದೂ ಇಂಥದ್ದೇ ಕೈಚಳಕ. ಚೆನ್ನೈಯಲ್ಲಿ 2023ರಲ್ಲಿ ನಡೆದದ್ದು ನಗು ತರಿಸುವಂಥದ್ದು: ಕ್ಯಾಮೆರಾದ ದೃಶ್ಯ ಊರೆಲ್ಲ ಹರಿದಾಡಿದ ಮೇಲೆ ಕದ್ದ ಸೀರೆಗಳು ಪಾರ್ಸೆಲ್ಲಿನಲ್ಲಿ ವಾಪಸು ಬಂದವು.

ಇದಕ್ಕೆ ಮದ್ದು ಯಂತ್ರವಲ್ಲ, ಎಣಿಕೆ. ಗಾದಿಯ ಮೇಲೆ ಒಂದು ಹೊತ್ತಿಗೆ ಇಂತಿಷ್ಟೇ ಸೀರೆ, ಆರು ಎಂದರೆ ಆರೇ. ಏಳನೆಯದು ಬೇಕಾದರೆ ಬೇಡವಾದ ಒಂದನ್ನು ಮಡಚಿ ಪಕ್ಕದ ಸಹಾಯಕನಿಗೆ ಕೊಡಬೇಕು. ಮಾರುವವನು ಮಾಲು ತರಲು ಏಳಬಾರದು. ತರುವವನು ಬೇರೆ, ತೋರಿಸುವವನು ಬೇರೆ. ಗಿರಾಕಿ ಎದ್ದ ಕೂಡಲೇ, ಅವರು ಬಾಗಿಲು ತಲುಪುವ ಮೊದಲೇ, ಮಡಿಕೆಗಳ ಲೆಕ್ಕ ಮುಗಿದಿರಬೇಕು. ದೀಪಾವಳಿಯ ಹಿಂದಿನ ಶನಿವಾರ ಸಂಜೆ ಇದೆಲ್ಲ ಸಾಧ್ಯವೇ ಎಂದು ಕೇಳಬಹುದು. ಸಾಧ್ಯವಾಗದ ಸಂಜೆಯಲ್ಲೇ ಕಳವಾಗುವುದು. ಹಬ್ಬದ ವಾರಕ್ಕೆ ಹೆಚ್ಚುವರಿ ಹುಡುಗರನ್ನು ಇಟ್ಟುಕೊಳ್ಳುವ ಮಾಲೀಕರು ಅವರನ್ನು ಮಾರಾಟಕ್ಕೆ ನಿಲ್ಲಿಸುವ ಬದಲು ಮಡಚುವುದಕ್ಕೆ ನಿಲ್ಲಿಸಿದರೆ ಹೆಚ್ಚು ಲಾಭ.

ಚಿನ್ನದವರು ಇದನ್ನು ತಲೆತಲಾಂತರದಿಂದ ಬಲ್ಲರು. ರಾನಡೆ ರೋಡಿನ ಆಸುಪಾಸಿನ ಯಾವುದೇ ಆಭರಣದ ಅಂಗಡಿಗೆ ಹೋಗಿ ಉಂಗುರ ಕೇಳಿ. ಮಖಮಲ್ಲಿನ ತಟ್ಟೆಯಲ್ಲಿ ಸಾಲುಸಾಲು ಕುಳಿಗಳು, ಪ್ರತಿ ಕುಳಿಗೊಂದು ಉಂಗುರ. ನೀವೊಂದನ್ನು ಬೆರಳಿಗೆ ಹಾಕಿಕೊಂಡರೆ ಆ ಕುಳಿ ಬಾಯ್ದೆರೆದು ಕೂರುತ್ತದೆ. ಲೆಕ್ಕ ಇಡಬೇಕಾಗಿಲ್ಲ, ಕಣ್ಣಿಗೇ ಕಾಣುತ್ತದೆ. ಎರಡನೆಯ ತಟ್ಟೆ ಬರಬೇಕಾದರೆ ಮೊದಲನೆಯದು ಒಳಗೆ ಹೋಗಬೇಕು. ಬೆಳಿಗ್ಗೆ ತಟ್ಟೆ ಹೊರಬರುವಾಗ ಒಂದು ತೂಕ, ರಾತ್ರಿ ಒಳಹೋಗುವಾಗ ಇನ್ನೊಂದು. ಮಾರಿದ ಗ್ರಾಮುಗಳನ್ನು ಕೂಡಿಸಿದರೆ ಎರಡೂ ತಾಳೆಯಾಗಬೇಕು.

ಮುಂಬಯಿಯ ಕನ್ನಡಿಗರಿಗೆ ಇದರ ಇನ್ನೊಂದು ರೂಪ ಮನೆಯ ಮಾತು. ದಾದರ್ ದಾಟಿದರೆ ಮಾಟುಂಗಾ. ಅಲ್ಲಿನ ಉಡುಪಿ ಹೋಟೆಲುಗಳಲ್ಲಿ ಗಲ್ಲಾ ಬಾಗಿಲ ಪಕ್ಕದಲ್ಲೇ ಇರುತ್ತದೆ. ಧಣಿಗೆ ಗಾಳಿ ಬೇಕೆಂದಲ್ಲ. ಹೊರಹೋಗುವ ಪ್ರತಿಯೊಬ್ಬರೂ ಗಲ್ಲಾದ ಕಣ್ಣಳತೆಯಲ್ಲೇ ಹಾದುಹೋಗಬೇಕು. ಮಾಣಿ ಬಿಲ್ಲಿನ ಮೊತ್ತವನ್ನು ಗಟ್ಟಿಯಾಗಿ ಕೂಗುತ್ತಿದ್ದ ಕಾಲದಲ್ಲಿ ತಿಂದವನು, ಬಡಿಸಿದವನು, ಹಣ ತೆಗೆದುಕೊಳ್ಳುವವನು ಮೂವರ ಕಿವಿಗೂ ಒಂದೇ ಅಂಕಿ ಬೀಳುತ್ತಿತ್ತು. ಒಬ್ಬನೇ ಮೋಸ ಮಾಡಲು ಆಗದು, ಮಾಡಿದರೆ ಮೂವರೂ ಸೇರಿ ಮಾಡಬೇಕು. 1942ರಲ್ಲಿ ಶುರುವಾದ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಊಟಕ್ಕೆ ಮೊದಲೇ ಕೂಪನ್ ಕೊಳ್ಳುವ ಪದ್ಧತಿಯ ಹಿಂದೆಯೂ ಇದೇ ತರ್ಕ. ಹಣ ಮುಟ್ಟುವವನ ಕೈಯಲ್ಲಿ ಮಾಲು ಇರುವುದಿಲ್ಲ, ಮಾಲು ಮುಟ್ಟುವವನ ಕೈಯಲ್ಲಿ ಹಣ ಇರುವುದಿಲ್ಲ. ದೊಡ್ಡ ಕಂಪನಿಗಳ ಲೆಕ್ಕಪರಿಶೋಧಕರು ದಪ್ಪ ವರದಿಗಳಲ್ಲಿ ಬರೆಯುವುದೂ ಇದನ್ನೇ.

ಈಗ ಮಾಲ್‌ಗಳ ಬಾಗಿಲಲ್ಲಿ ನಿಂತಿರುವ ಆ ಎರಡು ಕಂಬಗಳ ವಿಷಯ. ಅಮೆರಿಕದ ಓಹಾಯೋ ರಾಜ್ಯದ ಅಂಗಡಿಯೊಂದರ ಮ್ಯಾನೇಜರ್ ರಾನಲ್ಡ್ ಅಸಾಫ್, ವೈನ್ ಬಾಟಲಿ ಎತ್ತಿಕೊಂಡು ಓಡಿದವನನ್ನು ಬೆನ್ನಟ್ಟಿ ಬರಿಗೈಯಲ್ಲಿ ಮರಳಿದ ಮೇಲೆ ಈ ಯೋಚನೆ ಹುಟ್ಟಿತು ಎಂಬ ಕಥೆಯಿದೆ. 1966ರಲ್ಲಿ ಆತ ಕಟ್ಟಿದ ಕಂಪನಿಯೇ ಸೆನ್ಸರ್‌ಮ್ಯಾಟಿಕ್. ಹೆಚ್ಚಾಗಿ ಕಾಣುವ ಬಗೆಗಳು ಎರಡು. ಮೊದಲನೆಯದರಲ್ಲಿ ಪ್ಲಾಸ್ಟಿಕ್ ಪಟ್ಟಿಯೊಳಗೆ ತೆಳು ಲೋಹದ ಹಾಳೆಯ ತುಂಡುಗಳಿರುತ್ತವೆ. ಕಂಬ ಸೆಕೆಂಡಿಗೆ 58 ಸಾವಿರ ಕಂಪನದ ಕಾಂತೀಯ ಅಲೆಯನ್ನು ಬಿಟ್ಟುಬಿಟ್ಟು ಹೊರಡಿಸುತ್ತದೆ. ಅದೇ ಕಂಪನಕ್ಕೆ ಹದ ಮಾಡಿದ ಆ ಲೋಹ ನಡುಗತೊಡಗುತ್ತದೆ. ಅಲೆ ನಿಂತ ಮೇಲೂ ಚಣಹೊತ್ತು ನಡುಗುತ್ತಲೇ ಇರುತ್ತದೆ, ಬಡಿದು ಬಿಟ್ಟ ಗುಡಿಯ ಗಂಟೆಯ ಗುಂಯ್‌ಗುಡುವಿಕೆಯಂತೆ. ಕಂಬ ತಾನು ಸುಮ್ಮನಿದ್ದಾಗ ಈ ಗುಂಯ್‌ಗಾಗಿ ಕಿವಿಗೊಡುತ್ತದೆ. ಕೇಳಿಸಿತೋ, ಕೂಗುತ್ತದೆ. ಬಿಲ್ಲಿನ ಮೇಜಿನ ಮೇಲಿರುವ ಚಪ್ಪಟೆ ಹಲಗೆ ಪಟ್ಟಿಯ ಕಾಂತತ್ವವನ್ನು ಕಳೆದು ಗಂಟೆಯ ಶ್ರುತಿ ಕೆಡಿಸುತ್ತದೆ, ಅದಕ್ಕೇ ಹಣ ಕೊಟ್ಟವರಿಗೆ ಕಂಬ ಕೂಗುವುದಿಲ್ಲ. ಎರಡನೆಯ ಬಗೆ ಕಾಗದದ ಹಿಂದೆ ಅಂಟಿಸಿದ ಚೌಕಾಕಾರದ ತಂತಿಯ ಸುರುಳಿ, ಅದು 8.2 ಮೆಗಾಹರ್ಟ್ಸ್ ರೇಡಿಯೊ ಅಲೆಗೆ ಮಿಡಿಯುತ್ತದೆ. ಬಟ್ಟೆಗೆ ಚುಚ್ಚುವ ಗಟ್ಟಿ ಬಿಲ್ಲೆಯೊಳಗೆ ಸಣ್ಣ ಉಕ್ಕಿನ ಗುಂಡುಗಳು ಮೊಳೆಯನ್ನು ಕಚ್ಚಿ ಹಿಡಿದಿರುತ್ತವೆ, ಬಲವಾದ ಅಯಸ್ಕಾಂತ ಆ ಗುಂಡುಗಳನ್ನು ಎಳೆದಾಗಷ್ಟೇ ಮೊಳೆ ಸಡಿಲ.

ಇಷ್ಟೆಲ್ಲ ಇದ್ದರೂ ಕಂಬದ ಕೂಗು ಕಳವಿನ ಸಾಕ್ಷಿಯಲ್ಲ. ಬಿಲ್ಲು ಹಾಕುವ ಹುಡುಗಿ ಅವಸರದಲ್ಲಿ ಪಟ್ಟಿಯನ್ನು ಹಲಗೆಗೆ ಸರಿಯಾಗಿ ತಾಗಿಸದಿದ್ದರೂ ಅದು ಕೂಗುತ್ತದೆ. ಬೇರೆ ಅಂಗಡಿಯಲ್ಲಿ ಕೊಂಡ ವಸ್ತುವಿನ ಪಟ್ಟಿ ಚೀಲದಲ್ಲಿದ್ದರೂ ಕೂಗುತ್ತದೆ. ಕೂಗಿದಾಗ ಕಾವಲುಗಾರ ಹೇಳಬೇಕಾದ ಮಾತು ‘ನಿಲ್ಲಿ’ ಎಂದಲ್ಲ, ‘ನಮ್ಮಿಂದ ಪಟ್ಟಿ ತೆಗೆಯುವುದು ಮರೆತುಹೋಗಿರಬೇಕು, ಒಂದು ನಿಮಿಷ ಬನ್ನಿ’ ಎಂದು. ದಿನಕ್ಕೆ ಇಪ್ಪತ್ತು ಸಲ ಸುಮ್ಮಸುಮ್ಮನೆ ಕೂಗುವ ಕಂಬಕ್ಕೆ ಕಾವಲುಗಾರ ತಲೆಯೆತ್ತುವುದನ್ನೇ ಬಿಡುತ್ತಾನೆ. ಆಮೇಲೆ ಅದು ಇದ್ದೂ ಇಲ್ಲದಂತೆ.

ಕ್ಯಾಮೆರಾದ ವಿಷಯದಲ್ಲೂ ನನ್ನದು ಸ್ವಲ್ಪ ಕಟುವಾದ ಅಭಿಪ್ರಾಯ. ಹದಿನಾರು ಕ್ಯಾಮೆರಾ ಹಾಕಿಸಿ ಯಾರೂ ನೋಡದ ಅಂಗಡಿಗಿಂತ, ಗಲ್ಲಾದ ಮೇಲೊಂದು, ಬಾಗಿಲಿಗೊಂದು, ಗೋದಾಮಿನ ದಾರಿಗೊಂದು ಹಾಕಿಸಿ ವಾರಕ್ಕೊಮ್ಮೆ ಅರ್ಧ ಗಂಟೆ ಕೂತು ನೋಡುವ ಅಂಗಡಿ ಜಾಣ. ಬಾಗಿಲಿನದ್ದು ಮುಖದ ಮಟ್ಟದಲ್ಲಿರಲಿ. ಸೂರಿನಿಂದ ತೆಗೆದರೆ ತಲೆಗೂದಲಷ್ಟೇ ಕಾಣುತ್ತದೆ. ರೆಕಾರ್ಡರಿನ ಗಡಿಯಾರ ಸರಿಯಿರಲಿ. ದೃಶ್ಯದಲ್ಲಿ 4:10, ಬಿಲ್ಲಿನಲ್ಲಿ 4:32 ಎಂದಿದ್ದರೆ ಎರಡನ್ನೂ ಜೋಡಿಸುವಷ್ಟರಲ್ಲಿ ಮುಂದಿನ ಹಬ್ಬ ಬಂದಿರುತ್ತದೆ. ಕೋರ್ಟಿಗೆ ಹೋಗುವುದಾದರೆ ಬರೀ ಪೆನ್‌ಡ್ರೈವ್ ಸಾಲದು: ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಅದರ ಜೊತೆ ಪ್ರಮಾಣಪತ್ರ ಬೇಕು. ಹಳೆಯ ದೃಶ್ಯದ ಮೇಲೆ ಹೊಸದು ತಾನಾಗಿ ಬರೆದುಕೊಳ್ಳುವುದರಿಂದ ಕಳವು ಗೊತ್ತಾದ ದಿನವೇ ಪ್ರತಿ ತೆಗೆದಿಡಬೇಕು.

ಒಳಗಿನ ಸೋರಿಕೆ ಸದ್ದಿಲ್ಲದ್ದು. ಗೆಳೆಯ ಬಂದಾಗ ಮೂರು ವಸ್ತುಗಳಲ್ಲಿ ಎರಡಕ್ಕೆ ಮಾತ್ರ ಬಿಲ್ಲು. ಹಣ ತೆಗೆದುಕೊಂಡು, ಗಿರಾಕಿ ಹೋದ ಮೇಲೆ ಬಿಲ್ಲು ರದ್ದು. ಹತ್ತು ಡಬ್ಬ ಇಳಿಸಬೇಕಾದ ಟೆಂಪೊದವನು ಒಂಬತ್ತು ಇಳಿಸಿ ಹತ್ತಕ್ಕೆ ಸಹಿ ಪಡೆಯುವುದು. ಈ ಕೊನೆಯದು ಬೆಳಿಗ್ಗೆ ಅಂಗಡಿ ತೆರೆಯುವ ಗಡಿಬಿಡಿಯಲ್ಲೇ ಹೆಚ್ಚು. ರದ್ದಾದ ಬಿಲ್ಲುಗಳ ಪಟ್ಟಿಯನ್ನು ದಿನವೂ ಮಾಲೀಕನೇ ನೋಡಬೇಕು, ಒಬ್ಬನ ಹೆಸರಲ್ಲೇ ಒಂದೇ ಹೊತ್ತಿಗೆ ಪದೇ ಪದೇ ರದ್ದಾಗುತ್ತಿದ್ದರೆ ಕೇಳಬೇಕು. ವರ್ಷಕ್ಕೊಮ್ಮೆ ಅಂಗಡಿ ಮುಚ್ಚಿ ಎಲ್ಲ ಎಣಿಸುವುದಕ್ಕಿಂತ ದಿನಕ್ಕೊಂದು ಕಪಾಟು ಎಣಿಸುವುದು ಮೇಲು. ವರ್ಷದ ಕೊನೆಗೆ ನೂರು ಸೀರೆ ಕಡಿಮೆ ಎಂದು ಗೊತ್ತಾದರೆ ಅದು ದುಃಖವಷ್ಟೇ. ಮೂರನೆಯ ಕಪಾಟಿನಲ್ಲಿ ನಿನ್ನೆಯಿಂದ ಇಂದಿಗೆ ಎರಡು ಕಡಿಮೆ ಎಂದು ಗೊತ್ತಾದರೆ ಅದು ಸುಳಿವು. ಪಗಾರ ಸರಿಯಾಗಿ, ಸಮಯಕ್ಕೆ ಕೊಡುವುದೂ ಸೋರಿಕೆ ತಡೆಯ ಭಾಗವೇ. ಇದನ್ನು ಹೇಳಿದರೆ ಕೆಲವು ಸೇಠರಿಗೆ ಕೋಪ ಬರುತ್ತದೆ.

ಹೊಸ ಕಾಲದ ಕಳವು ಗಲ್ಲಾದ ಮೇಲೆ ಅಂಟಿಸಿದ ಕ್ಯೂಆರ್ ಚೀಟಿಯಲ್ಲಿದೆ. ದಾದರ್‌ನ ಹೂವಿನ ಗಲ್ಲಿಯಿಂದ ಹಿಡಿದು ಕಬೂತರ್‌ಖಾನಾದ ಸುತ್ತಲಿನ ಸಣ್ಣ ಅಂಗಡಿಗಳವರೆಗೆ ಎಲ್ಲರದ್ದೂ ಇದೇ ಪಾಡು. ಹಣ ಹೋಗಿದೆ ಎಂದು ತೋರಿಸುವ ನಕಲಿ ಪರದೆ, ಅಥವಾ ರಾತ್ರೋರಾತ್ರಿ ನಿಮ್ಮ ಚೀಟಿಯ ಮೇಲೆ ಬೇರೆಯವನ ಚೀಟಿ. ಗಿರಾಕಿಯ ಫೋನ್ ನೋಡಬೇಡಿ, ಹಣ ಬಂದದ್ದನ್ನು ಕೂಗಿ ಹೇಳುವ ನಿಮ್ಮ ಪೆಟ್ಟಿಗೆ ಮಾತಾಡಿತೇ ಕೇಳಿ. ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಒಂದು ರೂಪಾಯಿ ಹಾಕಿ ನೋಡುವುದು ಊದುಬತ್ತಿ ಹಚ್ಚುವಷ್ಟೇ ನಿತ್ಯದ ಕೆಲಸವಾಗಲಿ.

ಹಿಂದ್ಮಾತಾದವರಿಗೆ ಇನ್ನೊಬ್ಬ ಕಳ್ಳನಿದ್ದಾನೆ: ಮಳೆ. ಬಟ್ಟಲಿನಂತೆ ತಗ್ಗಾದ ಜಾಗ ಅದು. 2005ರ ಜುಲೈ 26ರಂದು ಸಾಂತಾಕ್ರೂಝ್‌ನಲ್ಲಿ ಒಂದೇ ದಿನ 944 ಮಿ.ಮೀ. ಸುರಿದ ಮಳೆಯನ್ನು ಇಲ್ಲಿಯ ಬಟ್ಟೆ ವ್ಯಾಪಾರಿಗಳ ಮುಂದೆ ಎತ್ತಬೇಡಿ, ಸಂಜೆಯಾಗಿಬಿಡುತ್ತದೆ. ಈಚೆಗೆ ಮಹಾನಗರಪಾಲಿಕೆ ಪ್ರಮೋದ್ ಮಹಾಜನ್ ಉದ್ಯಾನದ ಅಡಿಯಲ್ಲಿ ನೀರು ಹಿಡಿದಿಡುವ ತೊಟ್ಟಿ ಕಟ್ಟಿದೆ. ಆದರೂ ಮೇ ತಿಂಗಳಲ್ಲೇ ಕೆಳಗಿನ ಎರಡು ಹಲಗೆ ಖಾಲಿ ಮಾಡುವವನು ನೆಮ್ಮದಿಯಿಂದ ಮಲಗುತ್ತಾನೆ.

ಕಳ್ಳ ಸಿಕ್ಕಿಬಿದ್ದರೆ? ಅಂಗಡಿಯವರು ಹೆಚ್ಚು ಎಡವುವುದು ಇಲ್ಲಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಳವಿಗೆ 303ನೇ ಕಲಮು, ಮಾಲು ಇಡುವ ಕಟ್ಟಡದೊಳಗಿನ ಕಳವಿಗೆ 305, ನೌಕರ ಮಾಡಿದರೆ 306. ಮೊದಲನೆಯದಕ್ಕೆ ಸಾಮಾನ್ಯವಾಗಿ ಗರಿಷ್ಠ ಮೂರು ವರ್ಷ, ಉಳಿದೆರಡಕ್ಕೆ ಏಳು. 303ರಲ್ಲಿ ಒಂದು ಹೊಸ ಮಾತಿದೆ: ಮೊದಲ ಸಲ ತಪ್ಪಿತಸ್ಥನಾದವನು, ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆ, ಅದನ್ನು ಹಿಂದಿರುಗಿಸಿದ್ದಾನೆ ಎಂದಾದರೆ ಶಿಕ್ಷೆ ಸಮುದಾಯ ಸೇವೆ. ಯಾವ ಕಲಮು ಎಂಬುದನ್ನು ಪೊಲೀಸರು ನೋಡಿಕೊಳ್ಳುತ್ತಾರೆ, ಅದು ಗಲ್ಲಾದಲ್ಲಿ ತೀರ್ಮಾನವಾಗುವ ವಿಷಯವಲ್ಲ. ಸಾಮಾನ್ಯ ಮನುಷ್ಯನಿಗೂ ಹಿಡಿಯುವ ಅಧಿಕಾರವಿದೆ, ಆದರೆ ಜಾಮೀನಿಲ್ಲದ, ಸಂಜ್ಞೇಯ ಅಪರಾಧ ತನ್ನ ಕಣ್ಣೆದುರೇ ನಡೆದಾಗ ಮಾತ್ರ. ಹಿಡಿದವರನ್ನು ತಡಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ, ಪೊಲೀಸರಿಗೆ ಒಪ್ಪಿಸಬೇಕು ಎನ್ನುತ್ತದೆ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಮು. ಹಿಂದಿನ ಕೋಣೆಯಲ್ಲಿ ಕೂಡಿಹಾಕಿ, ಬೆಲೆಯ ಹತ್ತು ಪಟ್ಟು ‘ದಂಡ’ ವಸೂಲು ಮಾಡಿ, ತಪ್ಪೊಪ್ಪಿಗೆ ಬರೆಸಿಕೊಂಡು, ಫೋಟೊ ಗೋಡೆಗೆ ಅಂಟಿಸುವ ರೂಢಿಯಲ್ಲಿ ಒಂದೊಂದೂ ಅಂಗಡಿಯವನ ಮೇಲೇ ತಿರುಗಬಲ್ಲ ಅಪರಾಧ.

2025ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಸೀರೆ ಕದ್ದ ಆರೋಪದ ಮೇಲೆ ಮಹಿಳೆಯೊಬ್ಬರನ್ನು ನಡುರಸ್ತೆಯಲ್ಲಿ ಎಳೆದಾಡಿ ಒದ್ದ ದೃಶ್ಯ ಹಲವರು ನೋಡಿರಬಹುದು. ಕಳವಿನ ದೂರು ದಾಖಲಾಗಿ ಮಹಿಳೆ ಜೈಲಿಗೆ ಹೋದರು. ಆ ದೃಶ್ಯ ಹೊರಬಿದ್ದ ಮೇಲೆ ಅಂಗಡಿಯ ಮಾಲೀಕನೂ ಕೆಲಸಗಾರನೂ ಹೋದರು. ಅವರ ವಿರುದ್ಧದ ಸಾಕ್ಷ್ಯವೂ ಒಂದು ವಿಡಿಯೊವೇ ಆಗಿತ್ತು.