ಕೈಗೆ ಒಪ್ಪುವ ರ‍್ಯಾಕೆಟ್

ಟೆನಿಸ್ ಕಲಿಯಲು ಹೊರಟವನಿಗೆ ರ‍್ಯಾಕೆಟ್ಟಿನ ಚಿಂತೆಯಿಲ್ಲ. ಯಾರೋ ಕೊಟ್ಟದ್ದು, ಅಂಗಡಿಯಲ್ಲಿ ಅಗ್ಗಕ್ಕೆ ದೊರೆತದ್ದು, ಯಾವುದಾದರೂ ಆದೀತು. ಚೆಂಡು ಬಲೆಯನ್ನು ದಾಟಿದರೆ ಅವನಿಗೆ ಅದೇ ದೊಡ್ಡದು. ನುರಿತ ಆಟಗಾರನಿಗೂ ಚಿಂತೆಯಿಲ್ಲ. ತನಗೇನು ಬೇಕೆಂಬುದನ್ನು ಅವನು ಬಲ್ಲ. ಪೇಚಾಟವೆಲ್ಲ ನಡುವಿನವನದು. ಎರಡು ಮೂರು ವರ್ಷ ಮುಂಜಾನೆಯ ನಿದ್ದೆಯನ್ನು ಕಳೆದುಕೊಂಡು, ಹತ್ತು ಹೊಡೆತಗಳನ್ನು ಎಡೆಬಿಡದೆ ಆಡಬಲ್ಲವನಾಗಿ, ಎರಡನೆಯ ಸರ್ವಿನಲ್ಲಿ ಮಾತ್ರ ಇನ್ನೂ ದೇವರ ಮೇಲೆ ಭಾರ ಹಾಕುವ ಈ ಮಧ್ಯಮ ದರ್ಜೆಯ ಆಟಗಾರನು, ಒಂದು ಸಂಜೆ ಅಂಗಡಿಯ ಗೋಡೆಗೆ ಸಾಲಾಗಿ ತೂಗಹಾಕಿದ ರ‍್ಯಾಕೆಟ್ಟುಗಳ ಮುಂದೆ ಬಂದು ನಿಲ್ಲುತ್ತಾನೆ. ಅವನ ಕಣ್ಣು ಮೊದಲು ಬಣ್ಣಕ್ಕೆ ಹೋಗುತ್ತದೆ. ಆಮೇಲೆ ಅದರ ಮೇಲಿರುವ ಹೆಸರಿಗೆ.

ಅವನನ್ನು ಕೆಡಿಸುವುದು ಆ ಹೆಸರೇ. ರೋಜರ್ ಫೆಡರರ್ ಅವರ ಹೆಸರನ್ನು ಹೊತ್ತು ಮಾರಾಟಕ್ಕೆ ಬಂದ ವಿಲ್ಸನ್ ಪ್ರೊ ಸ್ಟಾಫ್ 97ರ ತೂಕ ತಂತಿ ಬಿಗಿಯುವ ಮುನ್ನವೇ 340 ಗ್ರಾಂ. ತಂತಿ ಸೇರಿದರೆ ಇನ್ನೂ ಹದಿನೈದು ಹದಿನೆಂಟು ಗ್ರಾಂ ಹೆಚ್ಚು. ಫೆಡರರ್ ಅವರ ಕೈಯಲ್ಲಿ ಅದು ಬೀಸಣಿಗೆ. ವಾರಕ್ಕೆ ಮೂರು ದಿನ ಆಡುವ ಬ್ಯಾಂಕಿನ ನೌಕರನ ಕೈಯಲ್ಲಿ ಅದೇ ಎರಡನೆಯ ಸೆಟ್ಟಿನ ಹೊತ್ತಿಗೆ ಒನಕೆ. ಚೆಂಡು ಹೋದ ಮೇಲೆ ರ‍್ಯಾಕೆಟ್ ಬರುತ್ತದೆ. ಅಲ್ಲದೆ, ಹೆಸರಾಂತ ಆಟಗಾರರು ಆಡುವ ರ‍್ಯಾಕೆಟ್ಟಿಗೂ ಅಂಗಡಿಯಲ್ಲಿ ಸಿಗುವುದಕ್ಕೂ ಅನೇಕ ವೇಳೆ ಬಣ್ಣದ ನಂಟು ಮಾತ್ರವೇ ಇರುವುದು. ಒಳಗೆ ಅವರು ಬಹುಕಾಲದಿಂದ ಆಡಿದ ಹಳೆಯ ಚೌಕಟ್ಟು, ಮೇಲೆ ಈ ವರ್ಷದ ಬಣ್ಣ!

ಆ ಫೆಡರರ್ ಅವರೇ ಈ ವಿಷಯದಲ್ಲಿ ಪಟ್ಟ ಪಾಡು ಕೇಳತಕ್ಕದ್ದು. 2013ರವರೆಗೆ ಅವರು 90 ಚದರ ಅಂಗುಲದ ಚಿಕ್ಕ ಮುಖದ ರ‍್ಯಾಕೆಟ್ಟಿನಿಂದಲೇ ಆಡಿ 17 ಗ್ರ್ಯಾಂಡ್ ಸ್ಲಾಮ್ ಪ್ರಶಸ್ತಿಗಳನ್ನು ಗೆದ್ದಿದ್ದರು. ಆದರೆ ನಡಾಲ್ ಅವರ ಚೆಂಡು ಭುಜದೆತ್ತರಕ್ಕೆ ಪುಟಿದು ಬ್ಯಾಕ್‌ಹ್ಯಾಂಡಿಗೆ ಬಂದಾಗಲೆಲ್ಲ ಅದು ರ‍್ಯಾಕೆಟ್ಟಿನ ಅಂಚಿಗೆ ತಗುಲಿ ಎತ್ತಲೋ ಹಾರುತ್ತಿತ್ತು. ಆ ವರ್ಷದ ಬೇಸಿಗೆಯಲ್ಲಿ ಅವರು ದೊಡ್ಡ ಮುಖದ ರ‍್ಯಾಕೆಟ್ಟನ್ನು ಪರೀಕ್ಷಿಸಿದರು, ಸೋತರು, ಮತ್ತೆ ಹಳೆಯದಕ್ಕೆ ಮರಳಿದರು. 2014ರಲ್ಲಿ 97 ಚದರ ಅಂಗುಲದ್ದನ್ನು ಹಿಡಿದವರು ಮತ್ತೆ ಬಿಡಲಿಲ್ಲ. 2017ರ ಆಸ್ಟ್ರೇಲಿಯನ್ ಓಪನ್ ಅಂತಿಮ ಪಂದ್ಯದಲ್ಲಿ ಅದೇ ಬ್ಯಾಕ್‌ಹ್ಯಾಂಡಿನಿಂದ ಅದೇ ನಡಾಲ್ ಅವರನ್ನು ಐದು ಸೆಟ್ಟುಗಳಲ್ಲಿ ಮಣಿಸಿದರು. ಫೆಡರರ್ ಅಂಥವರೇ ಏಳು ಚದರ ಅಂಗುಲದ ಸಹಾಯವನ್ನು ನಾಚದೆ ಪಡೆದರೆಂದ ಮೇಲೆ, ದೊಡ್ಡ ಮುಖದ ರ‍್ಯಾಕೆಟ್ ಮುದುಕರಿಗೆಂದು ಮೂಗು ಮುರಿಯುವ ಕ್ಲಬ್ಬಿನ ವೀರರಿಗೆ ಏನೆನ್ನೋಣ?

ದೊಡ್ಡ ಮುಖದ ರ‍್ಯಾಕೆಟ್ ಹುಟ್ಟಿದ್ದೇ ಮಧ್ಯಮ ದರ್ಜೆಯ ಆಟಗಾರನೊಬ್ಬನ ಸಂಕಟದಿಂದ. ಅಮೆರಿಕದ ಹೊವಾರ್ಡ್ ಹೆಡ್ ವಿಮಾನ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದ ಎಂಜಿನಿಯರ್; ಹಿಮದ ಮೇಲೆ ಜಾರುವ ಲೋಹದ ಸ್ಕೀಗಳನ್ನು ತಯಾರಿಸಿ ಹಣ ಗಳಿಸಿದವರು. ಕಂಪನಿಯನ್ನು ಮಾರಿ, ಬಿಡುವಾಗಿ, ಟೆನಿಸ್ ಹಿಡಿದರು. ಆಟ ಒಲಿಯಲಿಲ್ಲ. ಚೆಂಡು ನಡುವಿಗೆ ತಗುಲದಿದ್ದಾಗ ರ‍್ಯಾಕೆಟ್ ಕೈಯಲ್ಲಿ ತಿರುಚಿಕೊಳ್ಳುತ್ತಿತ್ತು. ತಪ್ಪು ಕೈಯದೆಂದು ಬೇರೆಯವರು ಸುಮ್ಮನಾಗುತ್ತಿದ್ದರು. ಅವರು ಲೆಕ್ಕ ಹಾಕಿದರು. ರ‍್ಯಾಕೆಟ್ಟಿನ ಅಂಚು ನಡುವಿನಿಂದ ದೂರ ಸರಿದಂತೆ ತಿರುಚುವಿಕೆಗೆ ಎದುರು ನಿಲ್ಲುವ ಬಲ ಆ ದೂರದ ವರ್ಗದ ಪ್ರಮಾಣದಲ್ಲಿ ಏರುತ್ತದೆ; ಎಂದರೆ ಸ್ವಲ್ಪ ಅಗಲಕ್ಕೆ ಬಹಳ ಲಾಭ. ಅಂದಿನ ಮರದ ರ‍್ಯಾಕೆಟ್ಟುಗಳ ಮುಖ ಸುಮಾರು 70 ಚದರ ಅಂಗುಲ. 1976ರಲ್ಲಿ ಪ್ರಿನ್ಸ್ ಹೆಸರಿನಲ್ಲಿ ಅವರು ಹೊರತಂದದ್ದು 110! ಬಲ್ಲವರು ನಕ್ಕರು. ಎರಡೇ ವರ್ಷಗಳಲ್ಲಿ, 1978ರಲ್ಲಿ, ಹದಿನಾರು ವರ್ಷದ ಪ್ಯಾಮ್ ಶ್ರೈವರ್ ಅಂಥದೇ ರ‍್ಯಾಕೆಟ್ ಹಿಡಿದು ಅಮೆರಿಕನ್ ಓಪನ್ ಪಂದ್ಯಾವಳಿಯ ಅಂತಿಮ ಸುತ್ತಿಗೇರಿದಾಗ ನಗು ನಿಂತಿತು.

ಇಂದು ನಡುವಿನ ಆಟಗಾರನಿಗೆ 98ರಿಂದ 105 ಚದರ ಅಂಗುಲದೊಳಗಿನದು ಸಾಕು. ಚೆಂಡು ಮೇಲಿಂದ ಮೇಲೆ ಅಂಚಿಗೆ ತಗುಲುತ್ತಿದ್ದರೆ ದೊಡ್ಡದರ ಕಡೆಗೆ ವಾಲುವುದು ಒಳ್ಳೆಯದು. ತೂಕ, ತಂತಿಯಿಲ್ಲದೆ, 280ರಿಂದ 305 ಗ್ರಾಂ. ಅತಿ ಹಗುರವಾದದ್ದು ಅಂಗಡಿಯಲ್ಲಿ ಹಿತವೆನಿಸಿದರೂ ಅಂಕಣದಲ್ಲಿ ಎದುರಾಳಿಯ ಬಿರುಸಿನ ಚೆಂಡಿಗೆ ನಡುಗುತ್ತದೆ. ಆ ನಡುಕವನ್ನು ತಾಳಿಕೊಳ್ಳಬೇಕಾದ್ದು ತೋಳು. ಭಾರ ಎಲ್ಲಿದೆಯೆಂಬುದನ್ನೂ ನೋಡಬೇಕು. 27 ಅಂಗುಲ ಉದ್ದದ ರ‍್ಯಾಕೆಟ್ಟನ್ನು ಅದರ ನಟ್ಟನಡುವೆ ಬೆರಳ ಮೇಲಿಟ್ಟಾಗ ಹಿಡಿ ಕೆಳಗಿಳಿದರೆ ತಲೆ ಹಗುರ, ತಲೆ ಇಳಿದರೆ ತಲೆಭಾರ. ಬಲೆಯ ಬಳಿ ಬೇಗಬೇಗ ಆಡುವ ಡಬಲ್ಸ್ ಆಟಗಾರನಿಗೆ ಮೊದಲನೆಯದು ಅನುಕೂಲ. ಹಿಡಿಯನ್ನು ಮುಷ್ಟಿಯಲ್ಲಿ ಹಿಡಿದಾಗ ಬೆರಳ ತುದಿಗೂ ಅಂಗೈಗೂ ನಡುವೆ ಇನ್ನೊಂದು ಕೈಯ ತೋರುಬೆರಳು ಹಿಡಿಸುವಷ್ಟು ಎಡೆಯಿರಬೇಕು. ಸಂದೇಹವಿದ್ದರೆ ಸಣ್ಣದೇ ಲೇಸು: ಪಟ್ಟಿ ಸುತ್ತಿ ದಪ್ಪ ಮಾಡಬಹುದು, ದಪ್ಪವನ್ನು ಕೆತ್ತಿ ಸಣ್ಣ ಮಾಡುವುದು ಸುಲಭವಲ್ಲ.

ಇಷ್ಟೆಲ್ಲ ನೋಡಿ ಸಾವಿರಾರು ರೂಪಾಯಿ ಸುರಿದವನು ತಂತಿಯ ವಿಷಯದಲ್ಲಿ ಮಾತ್ರ, ‘ಯಾವುದಾದರೂ ಹಾಕಿ, ಗಟ್ಟಿಯಾಗಿ ಬಿಗಿಯಿರಿ’ ಎಂದುಬಿಡುತ್ತಾನೆ. ಚೆಂಡಿಗೆ ತಗುಲುವುದು ಚೌಕಟ್ಟಲ್ಲ, ತಂತಿ. ಬಿಗಿದಷ್ಟೂ ವೇಗವೆಂಬುದು ತಪ್ಪು ತಿಳಿವಳಿಕೆ. ಸಡಿಲವಾದ ತಂತಿ ಜೋಕಾಲಿಯಂತೆ ಜಗ್ಗಿ ಚೆಂಡನ್ನು ದೂರಕ್ಕೆ ಚಿಮ್ಮಿಸುತ್ತದೆ. ಬಿಗಿಯಾದದ್ದು ಚೆಂಡನ್ನು ಹತೋಟಿಯಲ್ಲಿಡುತ್ತದೆ, ಬಲವನ್ನು ತೋಳಿನಿಂದ ಕೇಳುತ್ತದೆ. ಸಾಮಾನ್ಯವಾಗಿ 50ರಿಂದ 55 ಪೌಂಡಿನ ಬಿಗಿ ಒಪ್ಪುತ್ತದೆ. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿ ತೆಳುವಾದ್ದರಿಂದ ಚೆಂಡು ತುಸು ಹೆಚ್ಚು ಹಾರುತ್ತದೆ; ಮಂಗಳೂರಿನಲ್ಲಿ ಸರಿಹೋದ ಬಿಗಿಗೆ ಇಲ್ಲಿ ಒಂದೆರಡು ಪೌಂಡ್ ಕೂಡಿಸಬೇಕಾದೀತು.

ತಂತಿಯ ಜಾತಿಯೂ ಮುಖ್ಯ. 1997ರಲ್ಲಿ ಬ್ರೆಜಿಲಿನ ಗುಸ್ತಾವೊ ಕುಯೆರ್ಟೆನ್ ಪಾಲಿಯೆಸ್ಟರ್ ತಂತಿಯಿಂದ ಆಡಿ ಫ್ರೆಂಚ್ ಓಪನ್ ಗೆದ್ದ ಮೇಲೆ ಎಲ್ಲರಿಗೂ ಅದೇ ಬೇಕಾಯಿತು. ರಭಸವಾಗಿ ಬೀಸಿ ಚೆಂಡನ್ನು ಬುಗುರಿಯಂತೆ ತಿರುಗಿಸಬಲ್ಲವನಿಗೆ ಅದು ವರವೇ ಸರಿ. ಆದರೆ ಅದು ಗಡುಸು. ಬೇಗ ಕಸುವು ಕಳೆದುಕೊಳ್ಳುತ್ತದೆ. ವೃತ್ತಿಪರರು ಪಂದ್ಯಕ್ಕೆ ಹಲವು ರ‍್ಯಾಕೆಟ್ ಬದಲಾಯಿಸುತ್ತಾರೆ. ಕ್ಲಬ್ಬಿನ ಆಟಗಾರನ ಹೊಡೆತಕ್ಕೆ ಆ ತಂತಿ ಹರಿಯುವುದೂ ಇಲ್ಲ, ಹರಿಯದ್ದನ್ನು ಅವನು ತೆಗೆಸುವುದೂ ಇಲ್ಲ. ವರ್ಷಗಟ್ಟಲೆ ಸತ್ತ ತಂತಿಯಲ್ಲಿ ಆಡುತ್ತಾನೆ. ಗಡುಸು ಚೌಕಟ್ಟು, ಗಡುಸು ತಂತಿ, ತಡವಾಗಿ ಬೀಸಿದ ಬ್ಯಾಕ್‌ಹ್ಯಾಂಡ್ ಮೂರೂ ಕೂಡಿದರೆ ಮೊಣಕೈಯ ಹೊರಬದಿಯಲ್ಲಿ ನೋವು ಕಾಣಿಸಿಕೊಳ್ಳುತ್ತದೆ. ಮೊದಲು ಅಂಕಣದಲ್ಲಿ ಮಾತ್ರ. ಬರಬರುತ್ತ ಕಾಫಿ ಲೋಟ ಎತ್ತುವಾಗಲೂ. ತಿಂಗಳುಗಟ್ಟಲೆ ಆಟ ಬಿಟ್ಟವರಿದ್ದಾರೆ. ಮತ್ತೆ ಅಂಕಣಕ್ಕೆ ಬಾರದವರೂ ಇದ್ದಾರೆ. ಮೃದುವಾದ, ಹಲವು ಎಳೆಗಳ ನೈಲಾನ್ ತಂತಿ ಇಂಥವರ ಪಾಲಿನ ಬಂಧು.

ಹಾಗಾದರೆ ಕೊಳ್ಳುವುದೆಂತು? ಅಂಗಡಿಯಲ್ಲಿ ಗಾಳಿಗೆ ಬೀಸಿ ನೋಡುವುದು ವ್ಯರ್ಥ. ಎರಡು ಮೂರು ರ‍್ಯಾಕೆಟ್ಟುಗಳನ್ನು ಗೆಳೆಯರಿಂದ ಎರವಲು ತಂದು, ಒಂದೊಂದರಲ್ಲೂ ಎರಡು ದಿನ ನಿಜವಾದ ಪಂದ್ಯವಾಡಬೇಕು. ಮೊದಲ ಹತ್ತು ನಿಮಿಷದಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಗಮನಿಸಬೇಕಾದ್ದು ಒಂದು ಗಂಟೆ ಕಳೆದ ಮೇಲೆ, ಕೈ ದಣಿದು ಎರಡನೆಯ ಸರ್ವ್ ಹಾಕುವಾಗ. ಅದಕ್ಕೂ ಮುನ್ನ, ಇರುವ ರ‍್ಯಾಕೆಟ್ಟಿಗೇ ಒಮ್ಮೆ ಹೊಸ ಗಟ್ಟಿಂಗ್ ಮಾಡಿಸಿ ಆಡಿ ನೋಡುವುದು ಜಾಣತನ. ವಾರಕ್ಕೆ ಎಷ್ಟು ದಿನ ಆಡುವರೋ ವರ್ಷಕ್ಕೆ ಅಷ್ಟು ಸಲ ತಂತಿ ಬದಲಿಸಬೇಕೆಂಬುದು ಹಳೆಯ ಲೆಕ್ಕ. ಆ ಲೆಕ್ಕವನ್ನು ಕೇಳಿ, ಹೊಸ ರ‍್ಯಾಕೆಟ್ ಕೊಳ್ಳಲು ಬಂದವನು ಹಳೆಯದನ್ನೇ ಬಿಗಿಸಿಕೊಂಡು ಹಿಂತಿರುಗಿದರೆ ಅಂಗಡಿಯವನಿಗೆ ಬೇಸರವಾದೀತು, ಅಷ್ಟೆ.